ನಾಯಿ-ಬೆಕ್ಕು ಕರ್ಕೊಂಡು ಫ್ಲೈಟ್ ಹತ್ತೋದು ಹೇಗೆ?

ಬೆಂಗಳೂರಿಂದ ದೆಲ್ಲಿಗೋ ಮುಂಬೈಗೋ ಟ್ರಾನ್ಸ್‌ಫರ್ ಆದವರು ಮೊದಲು ಮನೆ ಹುಡುಕ್ತಾರೆ, ಆಮೇಲೆ ಪ್ಯಾಕರ್ಸ್‌ಗೆ ಫೋನ್ ಮಾಡ್ತಾರೆ, ಆಫರ್ ಇದೆ ಅಂತ ಟಿಕೆಟ್ ಬುಕ್ ಮಾಡ್ತಾರೆ, ಎಲ್ಲಾ ಮುಗಿದ್ಮೇಲೆ "ಅಯ್ಯೋ, ನಾಯೀನ ಹೇಗ್ ಕರ್ಕೊಂಡ್ ಹೋಗೋದು" ಅಂತ ತಲೆ ಮೇಲೆ ಕೈ ಇಟ್ಕೋತಾರೆ. ಇದನ್ನ ಪೂರ್ತಿ ಉಲ್ಟಾ ಮಾಡಿ. ನಾಯಿಗೆ ಜಾಗ ಇದೆ ಅಂತ ಏರ್‌ಲೈನ್‌ನವರು ಹೇಳಿದ್ಮೇಲೇನೇ ನಿಮ್ಮ ಟಿಕೆಟ್.

ಮೊದಲನೇದು, ತೂಕ. ಮನೇಲಿರೋ ವೇಯಿಂಗ್ ಮೆಷಿನ್ ಮೇಲೆ ನಾಯೀನ ಎತ್ಕೊಂಡು ನಿಂತ್ಕೊಳ್ಳಿ, ಆಮೇಲೆ ನೀವೊಬ್ರೇ ನಿಂತ್ಕೊಂಡು ಕಳೀರಿ. ಅದಕ್ಕೆ ನಾಯೀನ ಕೂರಿಸ್ಕೊಂಡು ಹೋಗೋ ಬ್ಯಾಗಿನ ತೂಕಾನೂ ಸೇರಿಸ್ಬೇಕು, ಇದನ್ನ ತುಂಬಾ ಜನ ಮರೀತಾರೆ. ಏರ್ ಇಂಡಿಯಾ ಮತ್ತೆ ಆಕಾಸ ಏರ್ ಎರಡರಲ್ಲೂ ಬ್ಯಾಗ್ ಸೇರಿ 10 ಕೆಜಿ ಒಳಗಿದ್ರೆ ನಿಮ್ಮ ಜೊತೆ ಕ್ಯಾಬಿನ್‌ನಲ್ಲೇ ಬರಬಹುದು, ಅದಕ್ಕಿಂತ ಜಾಸ್ತಿ ಇದ್ರೆ 32 ಕೆಜಿವರೆಗೂ ಕೆಳಗಡೆ ಲಗೇಜ್ ಹಾಕೋ ಹೋಲ್ಡ್‌ನಲ್ಲಿ. ಇಂಡಿಗೋದಲ್ಲಿ ಸರ್ವಿಸ್ ಡಾಗ್ ಬಿಟ್ರೆ ಸಾಕುಪ್ರಾಣಿಗೆ ಅವಕಾಶ ಇಲ್ಲ, ಸೋ ಅಲ್ಲಿ ಸೀಟ್ ಅಗ್ಗ ಅಂತ ಬುಕ್ ಮಾಡ್ಬೇಡಿ. ಒಂದು ಫ್ಲೈಟ್‌ನ ಕ್ಯಾಬಿನ್‌ಗೆ ಒಂದೋ ಎರಡೋ ಪ್ರಾಣಿ ಅಷ್ಟೇ ಬಿಡೋದು, ಅದಕ್ಕೇ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಆ ದಿನದ ಆ ಫ್ಲೈಟ್‌ಗೇ ಜಾಗ ಇದ್ಯಾ ಅಂತ ಕೇಳಿ, ಕನ್ಫರ್ಮ್ ಆಗಿದ್ದನ್ನ ಇಮೇಲ್‌ನಲ್ಲಿ ತಗೊಳ್ಳಿ. ರೂಲ್ಸು ಆಗಾಗ ಬದಲಾಗ್ತಾ ಇರತ್ತೆ, ಫೋನ್ ಮಾಡಿದಾಗ ತೂಕದ ಲಿಮಿಟ್ಟೂ ಮತ್ತೆ ಕೇಳ್ಬಿಡಿ.

ಪಗ್, ಶಿಟ್ಜು, ಬುಲ್‌ಡಾಗ್, ಪರ್ಷಿಯನ್ ಬೆಕ್ಕು, ಇಂಥ ಚಪ್ಪಟೆ ಮೂಗಿನವು ಇದ್ರೆ ಇನ್ನೂ ಹುಷಾರು. ಇವುಗಳ ಉಸಿರಾಟದ ದಾರೀನೇ ಇಕ್ಕಟ್ಟು, ಸೆಖೆ ಆದ್ರೆ, ಗಾಬರಿ ಆದ್ರೆ ಏದುಸಿರು ಬಿಟ್ಟು ಮೈ ತಣ್ಣಗೆ ಮಾಡ್ಕೊಳ್ಳೋಕೆ ಆಗಲ್ಲ, ಎಷ್ಟೋ ಏರ್‌ಲೈನ್‌ಗಳು ಇವನ್ನ ಹೋಲ್ಡ್‌ಗೆ ತಗೊಳ್ಳೋದೇ ಇಲ್ಲ. ತಗೋತೀವಿ ಅಂದ್ರೂ ನಾನಾದ್ರೆ ಹಾಕಲ್ಲ. ಕ್ಯಾಬಿನ್ ಸಿಕ್ಕಿದ್ರೆ ಫ್ಲೈಟು, ಇಲ್ಲಾಂದ್ರೆ ಕಾರು ಅಥವಾ ರೈಲಿನ ಫಸ್ಟ್ ಎಸಿ.

ಮುಂದಿನದು ಪೇಪರ್‌ಗಳು. ರೇಬೀಸ್ ಲಸಿಕೆ ಹಾಕಿರೋ ಬುಕ್, ಅದರಲ್ಲಿ ಡೇಟು, ಡಾಕ್ಟರ್ ಸಹಿ, ಸೀಲು ಎಲ್ಲಾ ಸರಿಯಾಗಿ ಕಾಣ್ಬೇಕು. ಮೊದಲನೇ ಸಲ ಹಾಕಿಸ್ತಿದ್ರೆ ಪ್ರಯಾಣಕ್ಕೆ ಕನಿಷ್ಠ ಒಂದು ತಿಂಗಳು ಮುಂಚೆನೇ ಹಾಕಿಸಿ. ಜೊತೆಗೆ ಫಿಟ್ ಟು ಫ್ಲೈ ಸರ್ಟಿಫಿಕೇಟು, ಅಂದ್ರೆ ವಿಮಾನದಲ್ಲಿ ಹೋಗೋಷ್ಟು ಆರೋಗ್ಯವಾಗಿದೆ ಅನ್ನೋ ಪತ್ರ, ರಿಜಿಸ್ಟರ್ಡ್ ಪಶುವೈದ್ಯರು ಲೆಟರ್‌ಹೆಡ್‌ನಲ್ಲಿ ಕೊಡಬೇಕು. ಇದಕ್ಕೆ ಕೆಲವೇ ದಿನ ವ್ಯಾಲಿಡಿಟಿ, ಹಾಗಾಗಿ ಮುಂಚೇನೇ ಹೋಗಿ ತಂದಿಟ್ಕೊಂಡ್ರೆ ಉಪಯೋಗ ಇಲ್ಲ, ಹೊರಡೋಕೆ ಎರಡು ದಿನ ಇದ್ದಾಗ ಹೋಗಿ. ಹಾಗೇ ಡಾಕ್ಟರ್ ಹತ್ರ "ನಿದ್ದೆ ಮಾತ್ರೆ ಕೊಡಿ ಸಾರ್, ಕಾಟ ಕೊಡದೆ ಮಲ್ಕೊಳ್ಳತ್ತೆ" ಅಂತ ಕೇಳ್ಬೇಡಿ. ಮಂಪರಿನ ಔಷಧಿ ಕೊಟ್ಟ ಪ್ರಾಣಿಗೆ ಎತ್ತರದಲ್ಲಿ ಬಿಪಿ, ಉಸಿರಾಟ ಏರುಪೇರಾಗಬಹುದು, ಬ್ಯಾಲೆನ್ಸ್ ತಪ್ಪತ್ತೆ, ಏರ್‌ಲೈನ್‌ನವರಿಗೆ ಗೊತ್ತಾದ್ರೆ ಹತ್ತಿಸ್ಕೊಳ್ಳೋದೂ ಇಲ್ಲ.

ಈಗ ಕ್ರೇಟ್, ಅಂದ್ರೆ ಪ್ರಾಣಿ ಕೂರೋ ಪೆಟ್ಟಿಗೆ ವಿಷಯಕ್ಕೆ ಬರೋಣ, ನಿಜವಾದ ಕೆಲಸ ಇರೋದೇ ಇಲ್ಲಿ. ಕ್ಯಾಬಿನ್ ಆದ್ರೆ ಮೆತ್ತಗಿರೋ, ಗಾಳಿ ಆಡೋ, ಸೀಟ್ ಕೆಳಗೆ ಕೂರೋ ಬ್ಯಾಗ್ ಸಾಕು. ಹೋಲ್ಡ್ ಆದ್ರೆ ಗಟ್ಟಿ ಕ್ರೇಟ್ ಬೇಕು, ಅದಕ್ಕೆ ಐಎಟಿಎ (ಏರ್‌ಲೈನ್‌ಗಳ ಅಂತರರಾಷ್ಟ್ರೀಯ ಸಂಘ) ಹೇಳಿರೋ ಅಳತೆ ಲೆಕ್ಕ ಇದೆ. ಮೂಗಿಂದ ಬಾಲದ ಬುಡದವರೆಗಿನ ಉದ್ದಕ್ಕೆ, ನೆಲದಿಂದ ಮುಂಗಾಲಿನ ಮೊಣಕೈವರೆಗಿನ ಎತ್ತರದ ಅರ್ಧ ಸೇರಿಸಿದ್ರೆ ಕ್ರೇಟ್ ಉದ್ದ, ಭುಜದ ಅಗಲದ ಡಬಲ್ ಅಂದ್ರೆ ಕ್ರೇಟ್ ಅಗಲ, ನಿಂತಾಗಿನ ಎತ್ತರಕ್ಕೆ ಹಾಸಿಗೆ ದಪ್ಪ ಸೇರಿಸಿದ್ರೆ ಕ್ರೇಟ್ ಎತ್ತರ. ಉದಾಹರಣೆಗೆ ನಾಯಿ 75 ಸೆಂಮೀ ಉದ್ದ, ಮೊಣಕೈ 30, ಭುಜ 22 ಇದ್ರೆ ಕ್ರೇಟು ಒಳಗಡೆ 90 ಸೆಂಮೀ ಉದ್ದ, 44 ಅಗಲ ಇರ್ಬೇಕು. ಅಷ್ಟು ದೊಡ್ಡ ಕ್ರೇಟೇ ಏಳೆಂಟು ಕೆಜಿ ತೂಗತ್ತೆ, ಅದೂ 32ರ ಲೆಕ್ಕಕ್ಕೇ ಬರತ್ತೆ, ಲ್ಯಾಬ್ರಡಾರ್ ಸಾಕಿದವರು ಇಲ್ಲೇ ಸಿಕ್ಕಾಕೊಳ್ಳೋದು.

ಕ್ರೇಟ್ ತಂದ ದಿನಾನೇ ಒಳಗೆ ನೂಕಿ ಬಾಗಿಲು ಹಾಕ್ಬೇಡಿ. ಬಾಗಿಲು ತೆಗೆದು ಹಾಲ್‌ನಲ್ಲೇ ಇಡಿ, ಊಟದ ತಟ್ಟೆ ಅದರೊಳಗೇ ಇಡಿ, ತಾನಾಗೇ ಹೋಗಿ ಮಲಗೋ ಮಟ್ಟಕ್ಕೆ ಬಂದ್ಮೇಲೆ ಐದು ನಿಮಿಷ ಬಾಗಿಲು ಹಾಕಿ, ಆಮೇಲೆ ಅರ್ಧ ಗಂಟೆ, ಆಮೇಲೆ ಅದರಲ್ಲೇ ಕೂರಿಸಿ ಕಾರಲ್ಲಿ ಒಂದು ರೌಂಡು. ಕೆಲವಕ್ಕೆ ಇದು ವಾರದಲ್ಲಿ ಆಗತ್ತೆ, ಕೆಲವಕ್ಕೆ ತಿಂಗಳು ಮೇಲೆ. ನೀವು ಹಾಕ್ಕೊಂಡು ಒಗೆಯದೇ ಇರೋ ಒಂದು ಹಳೇ ಬನಿಯನ್ನೋ ನೈಟಿಯೋ ಒಳಗೆ ಹಾಸಿ, ವಾಸನೆಗೆ ಧೈರ್ಯ ಬರತ್ತೆ.

ಹೊರಡೋ ದಿನ ನಾಲ್ಕೈದು ಗಂಟೆ ಮುಂಚೆ ಸ್ವಲ್ಪ ಊಟ ಹಾಕಿ ನಿಲ್ಲಿಸಿ, ನೀರು ಮಾತ್ರ ಕೊಡ್ತಾನೇ ಇರಿ. ಬೇಸಿಗೆ ಆದ್ರೆ ಬೆಳಗಿನ ಜಾವದ್ದೋ ರಾತ್ರಿದೋ ಫ್ಲೈಟ್ ಒಳ್ಳೇದು, ಯಾಕಂದ್ರೆ ಹೋಲ್ಡ್‌ನಲ್ಲೂ ಕ್ಯಾಬಿನ್ ಥರಾನೇ ಗಾಳಿ ಒತ್ತಡ ಇರತ್ತೆ, ಕಷ್ಟ ಆಗೋದು ವಿಮಾನ ನಿಲ್ಲೋ ಟಾರ್ಮ್ಯಾಕ್ ಬಿಸಿಲಲ್ಲಿ ಕಾಯೋವಾಗ. ವೆಬ್ ಚೆಕ್-ಇನ್ ನಂಬ್ಕೊಂಡು ಕೂರ್ಬೇಡಿ, ಕೌಂಟರ್‌ಗೇ ಹೋಗ್ಬೇಕು, ತೂಕ ಹಾಕ್ತಾರೆ, ಒಪ್ಪಿಗೆ ಫಾರ್ಮ್‌ಗೆ ಸಹಿ ಹಾಕಿಸ್ಕೋತಾರೆ, ದುಡ್ಡು ಕಟ್ಟಿಸ್ಕೋತಾರೆ. ದೇವನಹಳ್ಳಿ ದಾರಿ ಟ್ರಾಫಿಕ್ ನಿಮಗೆ ಗೊತ್ತೇ ಇದೆ, ಮೂರು ಗಂಟೆ ಮುಂಚೆ ಏರ್‌ಪೋರ್ಟ್‌ನಲ್ಲಿರಿ, ಒಳಗೆ ಹೋಗೋಕ್ ಮುಂಚೆ ಹೊರಗಡೆ ಒಂದು ಸುತ್ತು ವಾಕ್ ಮಾಡಿಸಿ ಸುಸ್ಸು ಮಾಡಿಸ್ಬಿಡಿ.

ಸೆಕ್ಯೂರಿಟಿಲಿ ಬ್ಯಾಗ್ ಎಕ್ಸ್‌ರೇಗೆ ಹೋಗತ್ತೆ, ಪ್ರಾಣೀನ ಹೊರಗೆ ತೆಗೆದು ನೀವು ಎತ್ಕೊಂಡು ದಾಟ್ಬೇಕು. ನಾಯಿ ಆದ್ರೆ ಪರವಾಗಿಲ್ಲ, ಬೆಕ್ಕು ಇಲ್ಲೇ ಕೈ ಪರಚಿ ಹಾರ್ಬಿಡೋದು, ಆಮೇಲೆ ಟ್ರೇ ಸಂದೀಲಿ ಹುಡುಕೋ ಪಾಡು ಯಾರಿಗೂ ಬೇಡ. ಮನೇಲೇ ಹಾರ್ನೆಸ್ ಹಾಕಿ, ದಾರ ಕೈಗೆ ಸುತ್ಕೊಂಡು ಆಮೇಲೆ ಜಿಪ್ ತೆಗೀರಿ. ವಿಮಾನದೊಳಗೆ ಬ್ಯಾಗಿಂದ ಹೊರಗೆ ತೆಗೆಯೋ ಹಾಗಿಲ್ಲ, ಪಕ್ಕದ ಮಗು "ಆಂಟಿ ಒಂದ್ಸಲ ತೋರ್ಸಿ" ಅಂದ್ರೂ.

ಫಾರಿನ್‌ಗೆ ಹೋಗೋರಿಗೆ ಇದೆಲ್ಲಾ ಬರೀ ಶುರು. ಎಷ್ಟೋ ದೇಶಗಳಿಗೆ ಮೈಕ್ರೋಚಿಪ್ (ಚರ್ಮದ ಕೆಳಗೆ ಹಾಕೋ ಗುರುತಿನ ಚಿಪ್) ಹಾಕಿಸಿ, ರೇಬೀಸ್ ಲಸಿಕೆ ಹಾಕಿಸಿ 30 ದಿನ ಆದ್ಮೇಲೆ ರಕ್ತ ತೆಗೆಸಿ ಟೈಟರ್ ಟೆಸ್ಟ್, ಅಂದ್ರೆ ಲಸಿಕೆ ಕೆಲಸ ಮಾಡಿದ್ಯಾ ಅಂತ ನೋಡೋ ಪರೀಕ್ಷೆ ಮಾಡಿಸ್ಬೇಕು, ಯುರೋಪು, ಬ್ರಿಟನ್‌ಗಾದ್ರೆ ರಕ್ತ ತೆಗೆದ ದಿನದಿಂದ ಮತ್ತೆ ಮೂರು ತಿಂಗಳು ಕಾಯ್ಬೇಕು. ಬ್ರಿಟನ್‌ಗೆ ಕ್ಯಾಬಿನ್‌ನಲ್ಲಿ ಬಿಡಲ್ಲ, ಕಾರ್ಗೋನೇ. ಅಮೆರಿಕ 2024ರ ಆಗಸ್ಟ್‌ನಿಂದ ರೂಲ್ಸ್ ಬಿಗಿ ಮಾಡಿದೆ, ಆರು ತಿಂಗಳಿಗಿಂತ ಚಿಕ್ಕ ನಾಯಿಮರಿಗೆ ಎಂಟ್ರಿ ಇಲ್ಲ. ಆಸ್ಟ್ರೇಲಿಯಾಗಂತೂ ಭಾರತದಿಂದ ನೇರ ಹೋಗೋಕೇ ಆಗಲ್ಲ, ಮಧ್ಯೆ ಅವರು ಒಪ್ಪಿರೋ ಇನ್ನೊಂದು ದೇಶದಲ್ಲಿ ತಿಂಗಳುಗಟ್ಟಲೆ ಇರ್ಬೇಕು. ಇಲ್ಲಿಂದ ಹೊರಡೋಕೆ ಕೇಂದ್ರ ಸರ್ಕಾರದ ಪಶು ಕ್ವಾರಂಟೈನ್ ಆಫೀಸಿನ ಸರ್ಟಿಫಿಕೇಟೂ ಬೇಕು. ಆರೇಳು ತಿಂಗಳು ಮುಂಚೆ ಶುರು ಮಾಡಿ.

ಇಳಿದ ತಕ್ಷಣ ಸ್ವಲ್ಪ ಸ್ವಲ್ಪ ನೀರು, ಊಟ ಒಂದೆರಡು ಗಂಟೆ ಬಿಟ್ಟು. ವಾಪಸ್ ಬರೋ ಟಿಕೆಟ್ ಇದ್ರೆ ಅಲ್ಲೊಬ್ಬ ಪಶುವೈದ್ಯರ ನಂಬರ್ ಇಲ್ಲಿಂದಲೇ ವಿಚಾರಿಸಿಟ್ಕೊಳ್ಳಿ, ಹೋಗುವಾಗ ತಗೊಂಡ ಫಿಟ್ ಟು ಫ್ಲೈ ಬರುವಾಗ ನಡೆಯಲ್ಲ.