ಅಪರೂಪದ ಡಚ್ ಅಡ್ಡಹೆಸರಿನ ಮೂಲ ಹುಡುಕುವ ಬಗೆ

ಅಣ್ಣನ ಮಗಳ ಮದುವೆಗೆಂದು ದಾವಣಗೆರೆಯ ಒಂದು ಮುದ್ರಣಾಲಯದಲ್ಲಿ ಲಗ್ನಪತ್ರಿಕೆ ಮಾಡಿಸಿ ಅದರ ಕರಡನ್ನು ಮನೆಗೆ ತಂದ ದಿನ, ನಮ್ಮ ದೊಡ್ಡಮ್ಮ ವರನ ಹೆಸರಿನ ಮೇಲೆ ಬೆರಳಿಟ್ಟು ಕೇಳಿದ್ದು ಒಂದೇ ಮಾತು: “ಇವರದ್ದು ಯಾವ ಮನೆತನ, ಯಾವೂರೋರು?” ವರ ನೆದರ್ಲ್ಯಾಂಡ್ಸಿನವರು. ಅವರ ಅಡ್ಡಹೆಸರು ಅವರ ದೇಶದಲ್ಲಿಯೇ ತೀರ ವಿರಳವಾದುದು. ಮನೆಯ ಹುಡುಗರು ಮೊಬೈಲಿನಲ್ಲಿ ಆ ಹೆಸರಿನ ಅರ್ಥ ಹುಡುಕಿ, ನಿಘಂಟಿನ ಎರಡು ಪದಗಳನ್ನು ಜೋಡಿಸಿ, ಹತ್ತು ನಿಮಿಷದಲ್ಲಿ ಒಂದು ವ್ಯಾಖ್ಯಾನವನ್ನು ಸಿದ್ಧಪಡಿಸಿದರು. ಅದು ಪೂರ್ತಿ ತಪ್ಪೆಂದು ತಿಳಿಯಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಡಚ್ ಅಡ್ಡಹೆಸರಿನ ವಿಷಯದಲ್ಲಿ ಅರ್ಥವನ್ನು ಕೊನೆಗೆ ಕೇಳಬೇಕು, ಊರನ್ನು ಮೊದಲು ಕೇಳಬೇಕು. ದೊಡ್ಡಮ್ಮನ ಪ್ರಶ್ನೆಯೇ ಸರಿಯಾದ ಪ್ರಶ್ನೆಯಾಗಿತ್ತು. ವಿದೇಶದಲ್ಲಿ ಬೀಗತನ ಬೆಳೆಸಿರುವ ಮನೆಗಳು ಈಗ ನಮ್ಮ ಕಡೆಯೂ ಇರುವುದರಿಂದ, ನಾನು ಹುಡುಕಿದ ದಾರಿಯನ್ನು ಇಲ್ಲಿ ಬರೆದಿದ್ದೇನೆ.

ವರನ ಅಡ್ಡಹೆಸರನ್ನು ಮಾತ್ರ ಬರೆಯುವುದಿಲ್ಲ. ಅಪರೂಪದ ಹೆಸರನ್ನು ಬರೆಯುವುದೆಂದರೆ ಮನೆಯ ವಿಳಾಸವನ್ನೇ ಬರೆದಂತಾಗುತ್ತದೆ. ಆದ್ದರಿಂದ ಉದಾಹರಣೆಗಳಿಗೆ ಎಲ್ಲರೂ ಬಲ್ಲ ಹೆಸರುಗಳನ್ನೇ ತೆಗೆದುಕೊಂಡಿದ್ದೇನೆ.

ಮೊದಲ ಕೆಲಸ, ಹೆಸರನ್ನು ಅವರ ಲಿಪಿಯಲ್ಲಿ, ಅವರ ಕಾಗದದಲ್ಲಿ ಇರುವಂತೆಯೇ ಬರೆದುಕೊಳ್ಳುವುದು. ಕನ್ನಡದಲ್ಲಿ ಬರೆದ ಕೂಡಲೇ ಅರ್ಧ ಸುಳಿವು ಕಳೆದುಹೋಗುತ್ತದೆ. ‘ಡೈಕ್’ ಎಂದು ನಾವು ಬರೆಯುವುದನ್ನು ಅವರು ಐ ಮತ್ತು ಜೆ ಅಕ್ಷರಗಳನ್ನು ಜೋಡಿಸಿ ಬರೆದಿರಬಹುದು, ವೈ ಹಾಕಿಯೂ ಬರೆದಿರಬಹುದು. ಫುಟ್‌ಬಾಲ್ ಆಟಗಾರ ಯೋಹಾನ್ ಕ್ರೈಫ್ ಅವರ ಹೆಸರು ತಾಯ್ನಾಡಿನಲ್ಲಿ ಐ-ಜೆ ಜೋಡಿಯಿಂದಲೂ ಹೊರದೇಶಗಳಲ್ಲಿ ವೈ ಅಕ್ಷರದಿಂದಲೂ ಅಚ್ಚಾಗುತ್ತದೆ. ಕಲಾವಿದ ಮೊಂಡ್ರಿಯಾನ್ ಪ್ಯಾರಿಸ್ಸಿಗೆ ಹೋದ ಮೇಲೆ ತಮ್ಮ ಹೆಸರಿನಲ್ಲಿ ಜೋಡಿಯಾಗಿದ್ದ ಎ ಅಕ್ಷರಗಳಲ್ಲಿ ಒಂದನ್ನು ಕೈಬಿಟ್ಟರು. ಹೆಸರಿನ ಮುಂದೆ ಬರುವ ಫಾನ್, ಡಿ, ಫಾನ್ ಡರ್, ಟೆನ್, ಟರ್ ಮುಂತಾದ ಚಿಕ್ಕ ಪದಗಳನ್ನೂ ಬಿಡಬಾರದು. ‘ಫಾನ್’ ಎಂದರೆ ‘ಇಂಥ ಕಡೆಯ’ ಎಂದರ್ಥ. ಆದರೆ ನೆದರ್ಲ್ಯಾಂಡ್ಸಿನ ಅಕಾರಾದಿಯಲ್ಲಿ ಈ ಚಿಕ್ಕ ಪದಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ: ‘ಫಾನ್ ಡೈಕ್’ ಎಂಬ ಹೆಸರು ಡಿ ಅಕ್ಷರದ ಕೆಳಗೆ ಸಿಗುತ್ತದೆ. ಪಕ್ಕದ ಬೆಲ್ಜಿಯಂನಲ್ಲಿ ಅದನ್ನೇ ವಿ ಅಕ್ಷರದ ಕೆಳಗೆ ಹುಡುಕಬೇಕು. ಇದು ತಿಳಿಯದೆ ನಾನು ಒಂದು ವಾರ ತಪ್ಪು ಜಾಗದಲ್ಲಿ ತಡಕಾಡಿದೆ.

ಎರಡನೆಯದು ಎಣಿಕೆ. ಆಮ್ಸ್ಟರ್‌ಡ್ಯಾಮಿನ ಮೇರ್ಟನ್ಸ್ ಸಂಸ್ಥೆ ಕಟ್ಟಿದ, ಈಗ ಸಿಬಿಜಿ ಎಂಬ ಕುಟುಂಬ ಇತಿಹಾಸ ಕೇಂದ್ರ ನೋಡಿಕೊಳ್ಳುತ್ತಿರುವ ಅಡ್ಡಹೆಸರುಗಳ ಭಂಡಾರವೊಂದು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಡಚ್ಚರು ಅದನ್ನು ‘ಫಮೀಲಿಯನಾಮನ್‌ಬಾಂಕ್’ ಎನ್ನುತ್ತಾರೆ. ಅದರಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಹೆಸರುಗಳಿವೆ. ಒಂದು ಹೆಸರನ್ನು ಕೊಟ್ಟರೆ 1947ರ ಜನಗಣತಿಯಲ್ಲಿ ಎಷ್ಟು ಜನರಿಗೆ ಆ ಹೆಸರಿತ್ತು, 2007ರಲ್ಲಿ ಎಷ್ಟು ಜನರಿಗೆ ಇತ್ತು, ಅವರು ಯಾವ ಯಾವ ಪುರಸಭೆಗಳಲ್ಲಿದ್ದರು ಎಂಬುದನ್ನು ನಕ್ಷೆಯ ಸಮೇತ ತೋರಿಸುತ್ತದೆ. ಐದಕ್ಕಿಂತ ಕಡಿಮೆ ಜನರಿದ್ದರೆ ನಿಖರವಾದ ಸಂಖ್ಯೆಯನ್ನು ಕೊಡದೆ ‘ಐದಕ್ಕಿಂತ ಕಡಿಮೆ’ ಎಂದಷ್ಟೇ ಹೇಳುತ್ತದೆ.

ಈ ಎರಡು ಅಂಕಿಗಳನ್ನು ಓದುವಾಗ ತಾಳ್ಮೆ ಬೇಕು. ಎಲ್ಲಕ್ಕಿಂತ ಸಾಮಾನ್ಯವಾದ ‘ಡಿ ಯೋಂಗ್’ ಎಂಬ ಹೆಸರು 2007ರಲ್ಲಿ ಸುಮಾರು 84 ಸಾವಿರ ಜನರಿಗಿತ್ತು. ಅದರ ಮುಂದೆ ನೂರಿನ್ನೂರು ಜನರ ಹೆಸರು ಅಪರೂಪವೆನಿಸುವುದು ಸಹಜ. ಆದರೆ ವಿರಳತೆಗಿಂತ ಮುಖ್ಯವಾದುದು ಹೆಸರು ಏರಿತೇ ಇಳಿಯಿತೇ ಎಂಬುದು. ನೆದರ್ಲ್ಯಾಂಡ್ಸಿನ ಜನಸಂಖ್ಯೆ 1947ರಲ್ಲಿ ಸುಮಾರು 96 ಲಕ್ಷವಿದ್ದುದು 2007ರ ವೇಳೆಗೆ 1 ಕೋಟಿ 63 ಲಕ್ಷ ದಾಟಿತ್ತು, ಅಂದರೆ ಹೆಚ್ಚುಕಡಿಮೆ 1.7 ಪಟ್ಟಾಗಿತ್ತು. ಹಾಗಾಗಿ 1947ರಲ್ಲಿ ನೂರು ಜನರಿದ್ದ ಹೆಸರು 2007ರಲ್ಲಿ ನೂರಿಪ್ಪತ್ತಾಗಿದ್ದರೆ ಅದು ಬೆಳೆದಿಲ್ಲ. ಇದ್ದಲ್ಲಿಯೇ ಇರಬೇಕಾದರೂ ಅದು ನೂರ ಎಪ್ಪತ್ತಾಗಬೇಕಿತ್ತು. 1947ರಲ್ಲಿ ಯಾರಿಗೂ ಇರದೆ 2007ರಲ್ಲಿ ದಿಢೀರನೆ ಕಾಣಿಸುವ ಹೆಸರು ಬಹುಶಃ ಹೊರಗಿನಿಂದ ಬಂದವರದ್ದು.

ಎಣಿಸುವ ಮೊದಲು ಒಂದು ಎಚ್ಚರಿಕೆ. ಅದೇ ಹೆಸರಿನ ಇತರ ಬರವಣಿಗೆಗಳನ್ನೂ ಭಂಡಾರದಲ್ಲಿ ಹಾಕಿ ನೋಡಬೇಕು: ಐ-ಜೆ ಇದ್ದಲ್ಲಿ ವೈ, ಕೆ ಇದ್ದಲ್ಲಿ ಸಿ-ಕೆ, ಝಡ್ ಇದ್ದಲ್ಲಿ ಎಸ್, ವಿ ಇದ್ದಲ್ಲಿ ಎಫ್, ಎರಡು ಎ ಇದ್ದಲ್ಲಿ ಎ-ಇ. ನನ್ನ ಅನುಭವದಲ್ಲಿ, ಅಪರೂಪವೆನ್ನುವ ಹೆಸರುಗಳಲ್ಲಿ ಹಲವು ನಿಜವಾಗಿ ಅಪರೂಪವಲ್ಲ, ಅವುಗಳ ಕಾಗುಣಿತ ಮಾತ್ರ ಅಪರೂಪ. ನಮ್ಮ ಬೀಗರ ಹೆಸರು ಬೆರಳೆಣಿಕೆಯಷ್ಟು ಮನೆಗಳದ್ದು; ಅದರ ಒಂದಕ್ಷರ ಬದಲಾಯಿಸಿದಾಗ ಹತ್ತಾರು ಪಟ್ಟು ಜನ ಎದುರಾದರು.

ಮೂರನೆಯದು ನಕ್ಷೆ. ಅಪರೂಪದ ಹೆಸರಿನಿಂದ ಆಗುವ ದೊಡ್ಡ ಲಾಭವೇ ಇದು: ಸಾಮಾನ್ಯ ಹೆಸರು ದೇಶದ ತುಂಬ ಹರಡಿರುತ್ತದೆ, ಅಪರೂಪದ್ದು ಒಂದೆರಡು ಪುರಸಭೆಗಳಲ್ಲಿ ಗುಂಪುಗೂಡಿರುತ್ತದೆ. 2007ರ ನಕ್ಷೆಗಿಂತ 1947ರ ನಕ್ಷೆಯನ್ನು ನಂಬಬೇಕು, ಏಕೆಂದರೆ ಕೆಲಸಕ್ಕಾಗಿ ಪಟ್ಟಣ ಸೇರುವುದು ಆಮೇಲೆ ಇನ್ನೂ ಹೆಚ್ಚಿತು. ಹೆಸರಿನ ಕೊನೆಯ ಅಕ್ಷರಗಳೂ ಸೀಮೆಯನ್ನು ಹೇಳುತ್ತವೆ. ಎಂಜಿನಿಯರಿಂಗ್ ಓದುವ ನಮ್ಮ ಹುಡುಗರಿಗೆ ಡೈಕ್‌ಸ್ಟ್ರಾ ಅವರ ಆಲ್ಗಾರಿದಂ ಗೊತ್ತು. ಆ ‘ಸ್ಟ್ರಾ’ ಉತ್ತರದ ಫ್ರೀಸ್‌ಲ್ಯಾಂಡಿನ ಗುರುತು. ‘ಸ್ಮಾ’, ‘ಇಂಗಾ’ ಎಂದು ಮುಗಿಯುವವೂ ಉತ್ತರದವೇ. ‘ಇಂಕ್’ ಎಂದು ಮುಗಿದರೆ ಪೂರ್ವ ಗಡಿಯ ಆಖ್ಟರ್‌ಹುಕ್ ಅಥವಾ ಟ್ವೆಂಟೆ ಕಡೆಗೆ ನೋಡಬೇಕು. ಅಲ್ಲಿ ಹೆಸರು ಮನುಷ್ಯನಿಗಿಂತ ಹೊಲಮನೆಗೆ ಸೇರಿದ್ದಾಗಿತ್ತು, ಯಾರು ಆ ಹೊಲಮನೆಯಲ್ಲಿ ನೆಲೆಸಿದರೋ ಅವರಿಗೆ ಅದರ ಹೆಸರು ಅಂಟುತ್ತಿತ್ತು.

ಕಸುಬಿನ ಹೆಸರುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಮ್ಮಲ್ಲಿ ಬಡಿಗೇರ, ಕಮ್ಮಾರ ಇರುವಂತೆ ಅವರಲ್ಲಿ ಟಿಮ್ಮರ್‌ಮನ್, ಸ್ಮಿತ್ ಇದ್ದಾರೆ. ಮುಲ್ಡರ್ ಎಂದರೆ ಹಿಟ್ಟಿನ ಗಿರಣಿಯವನು, ಫಿಸ್ಸರ್ ಎಂದರೆ ಬೆಸ್ತ. ಇಂಥವು ಊರೂರಿಗೂ ಬೇರೆ ಬೇರೆಯಾಗಿ ಹುಟ್ಟಿಕೊಂಡವಾದ್ದರಿಂದ ಸಾಮಾನ್ಯವಾಗಿ ಅಪರೂಪವಾಗಿರುವುದಿಲ್ಲ.

ಊರು ಸಿಕ್ಕ ಮೇಲೆ ದಾಖಲೆಗಳಿಗೆ ಇಳಿಯಬಹುದು. ನೆದರ್ಲ್ಯಾಂಡ್ಸಿನ ಬಹುಭಾಗದಲ್ಲಿ ಜನನ, ಮದುವೆ, ಮರಣಗಳ ಸರ್ಕಾರಿ ನೋಂದಣಿ ಆರಂಭವಾದದ್ದು ಫ್ರೆಂಚರ ಆಳ್ವಿಕೆಯಲ್ಲಿ, 1811ರಲ್ಲಿ. ದಕ್ಷಿಣದ ಲಿಂಬರ್ಗ್‌ನಲ್ಲಿ 1796ರಿಂದಲೇ ಇದೆ. ಜನನದ ದಾಖಲೆ ನೂರು ವರ್ಷದ ನಂತರ, ಮದುವೆಯದು 75 ವರ್ಷದ ನಂತರ, ಮರಣದ್ದು 50 ವರ್ಷದ ನಂತರ ಸಾರ್ವಜನಿಕರ ನೋಟಕ್ಕೆ ತೆರೆಯುತ್ತದೆ. ‘ವೀ ವಾಸ್ ವೀ’, ‘ಓಪನ್ ಆರ್ಕೀವನ್’ ಎಂಬ ತಾಣಗಳಲ್ಲಿ ಇವುಗಳ ಸೂಚಿಯನ್ನು ಮನೆಯಲ್ಲಿಯೇ ಕುಳಿತು ನೋಡಬಹುದು, ಹಲವು ಕಡೆ ಮೂಲ ಹಾಳೆಯ ಚಿತ್ರವೂ ಇರುತ್ತದೆ. ‘ಡೆಲ್ಫರ್’ ತಾಣದಲ್ಲಿ ಹಳೆಯ ಪತ್ರಿಕೆಗಳಿವೆ. ಅಪರೂಪದ ಹೆಸರಾದರೆ ಒಂದು ಸಂಜೆಯಲ್ಲಿ ಎಲ್ಲ ಉಲ್ಲೇಖಗಳನ್ನೂ ಓದಿ ಮುಗಿಸಬಹುದು.

ಮೂರು ಬಗೆಯ ದಾಖಲೆಗಳಲ್ಲಿ ಮದುವೆಯದನ್ನೇ ಹಿಡಿಯಬೇಕು. ವಧೂವರರ ವಯಸ್ಸು, ಹುಟ್ಟಿದೂರು, ಕಸುಬು, ಇಬ್ಬರ ತಂದೆತಾಯಿಗಳ ಹೆಸರು, ಸಾಕ್ಷಿಗಳ ಹೆಸರು, ಕೆಳಗೆ ಸಹಿಗಳು, ಇಷ್ಟೂ ಒಂದೇ ಹಾಳೆಯಲ್ಲಿ ಸಿಗುತ್ತವೆ. ಅದಕ್ಕೆ ಲಗತ್ತಾದ ಕಾಗದಗಳಲ್ಲಿ ಜನನದ ನಕಲು, ತೀರಿಕೊಂಡ ತಂದೆತಾಯಿಗಳ ಮರಣದ ನಕಲು ಇರುತ್ತವೆ. ಹೆಣ್ಣುಮಕ್ಕಳು ಅಲ್ಲಿನ ದಾಖಲೆಗಳಲ್ಲಿ ಸಾಯುವವರೆಗೂ ತವರಿನ ಹೆಸರಿನಲ್ಲಿಯೇ ಇರುತ್ತಾರೆ ಎಂಬುದು ಹುಡುಕುವವರಿಗೆ ದೊಡ್ಡ ಅನುಕೂಲ. ಪುರಸಭೆಗಳು ವಿಲೀನವಾಗಿ ಹೆಸರು ಬದಲಾಗಿರುವುದನ್ನು ಮಾತ್ರ ಗಮನಿಸಬೇಕು. ಹರಿಹರದವರ ಹಳೆಯ ಕಾಗದಗಳಲ್ಲಿ ಚಿತ್ರದುರ್ಗ ಜಿಲ್ಲೆಯೆಂದೂ ಚನ್ನಗಿರಿಯವರದ್ದರಲ್ಲಿ ಶಿವಮೊಗ್ಗ ಜಿಲ್ಲೆಯೆಂದೂ ಇರುವುದು, ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ ಎಂದು ಬಲ್ಲವರಿಗೆ ಗೊಂದಲವೆನಿಸುವುದಿಲ್ಲ; ಅಲ್ಲಿಯೂ ಅಂಥದೇ ಲೆಕ್ಕ.

1811ಕ್ಕಿಂತ ಹಿಂದೆ ಹೋಗಬೇಕಾದರೆ ಚರ್ಚುಗಳ ದೀಕ್ಷಾಸ್ನಾನ, ಮದುವೆ, ಸಮಾಧಿಯ ಪುಸ್ತಕಗಳೇ ಗತಿ. ಕ್ಯಾಥೊಲಿಕ್ ಚರ್ಚಿನವು ಲ್ಯಾಟಿನ್ನಿನಲ್ಲಿರುವುದರಿಂದ ಯಾನ್ ಎಂಬುವನು ಅಲ್ಲಿ ಯೊವಾನ್ನೆಸ್ ಆಗಿರುತ್ತಾನೆ. ಅಡ್ಡಹೆಸರು ಮಾಯವಾಗಿ ತಂದೆಯ ಹೆಸರು ಮಾತ್ರ ಉಳಿಯುವುದು ಈ ಹಂತದಲ್ಲಿಯೇ. ಡಚ್ ಚಿತ್ರಕಾರ ರೆಂಬ್ರಾಂಟನ ಪೂರ್ಣ ಹೆಸರು ರೆಂಬ್ರಾಂಟ್ ಹಾರ್ಮನ್‌ಸೋನ್ ಫಾನ್ ರೈನ್: ಹಾರ್ಮನ್ನನ ಮಗ, ರೈನ್ ನದಿಯ ಕಡೆಯವನು, ಅವನ ತಂದೆ ಲೈಡನ್ ಊರಿನಲ್ಲಿ ಗಿರಣಿ ನಡೆಸುತ್ತಿದ್ದ. ಊರು, ತಂದೆ, ತನ್ನ ಹೆಸರು ಮೂರನ್ನೂ ಇನಿಷಿಯಲ್ಲಿನಲ್ಲಿ ಹೊತ್ತಿರುವ ನಮಗೆ ಇದು ಅರ್ಥವಾಗದ ಪದ್ಧತಿಯೇನಲ್ಲ. ಇನ್ನೊಂದು ಕೀಲಿಯೂ ನಮಗೆ ಪರಿಚಿತವೇ: ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರನ್ನೂ ಎರಡನೆಯವನಿಗೆ ತಾಯಿಯ ತಂದೆಯ ಹೆಸರನ್ನೂ ಇಡುವ ರೂಢಿ ಅಲ್ಲಿ ವ್ಯಾಪಕವಾಗಿತ್ತು. ಅಡ್ಡಹೆಸರಿಲ್ಲದ ಕಡೆ ಇದರ ಸಹಾಯದಿಂದ ತಲೆಮಾರುಗಳನ್ನು ಜೋಡಿಸಬಹುದು, ಆದರೆ ಅದನ್ನೊಂದನ್ನೇ ಪುರಾವೆಯೆಂದು ತೆಗೆದುಕೊಳ್ಳಬಾರದು.

ಇಷ್ಟಾದ ಮೇಲೆ ಅರ್ಥ. ಸೂಕ್ಷ್ಮದರ್ಶಕದ ಪಾಠದಲ್ಲಿ ನಾವೆಲ್ಲ ಓದಿದ ಆಂಟೋನಿ ಫಾನ್ ಲೇವನ್‌ಹುಕ್ ಅವರ ಹೆಸರನ್ನು ನಿಘಂಟಿಗೆ ಕೊಟ್ಟರೆ ‘ಸಿಂಹದ ಮೂಲೆ’ ಎಂದು ಬರುತ್ತದೆ. ವೀರರ ವಂಶವೆಂದು ಕಥೆ ಕಟ್ಟಲು ಅಷ್ಟು ಸಾಕು. ಆದರೆ ಅವರು ಹುಟ್ಟಿದ್ದು 1632ರಲ್ಲಿ ಡೆಲ್ಫ್ಟ್ ಪಟ್ಟಣದಲ್ಲಿ, ಅವರ ತಂದೆ ಬುಟ್ಟಿ ಹೆಣೆಯುವವರು; ಆ ಊರಿನ ‘ಸಿಂಹದ ಬಾಗಿಲು’ ಎಂಬ ಕೋಟೆಬಾಗಿಲಿನ ಹತ್ತಿರದ ಮೂಲೆಮನೆಯಿಂದ ಆ ಹೆಸರು ಬಂದಿತೆಂದು ಹೇಳುತ್ತಾರೆ. ಊರು ತಿಳಿಯದೆ ಈ ಅರ್ಥ ಯಾವ ನಿಘಂಟಿನಲ್ಲಿಯೂ ಸಿಗದು. ಅವರು ಮೊದಮೊದಲ ಪತ್ರಗಳಿಗೆ ‘ಫಾನ್’ ಇಲ್ಲದೆಯೇ ಸಹಿ ಮಾಡುತ್ತಿದ್ದರು, ಅದನ್ನು ಸೇರಿಸಿಕೊಂಡದ್ದು ನಂತರ.

ಹೆಸರು ಏಕೆ ವಿರಳವಾಗುತ್ತದೆ ಎಂಬುದಕ್ಕೂ ಅವರ ಮನೆಯೇ ಉತ್ತರ. ಅವರ ಮಕ್ಕಳಲ್ಲಿ ದೊಡ್ಡವಳಾಗಿ ಬದುಕಿ ಉಳಿದವಳು ಮರಿಯಾ ಒಬ್ಬಳೇ, ಅವಳು ಮದುವೆಯಾಗಲಿಲ್ಲ. ಆ ಕವಲು ಅಲ್ಲಿಗೆ ನಿಂತಿತು. ಹೆಸರು ಗಂಡುಮಕ್ಕಳ ಮೂಲಕ ಮಾತ್ರ ಸಾಗುವ ಕಡೆ, ಹತ್ತು ತಲೆಮಾರಿನಲ್ಲಿ ಸಣ್ಣ ಹೆಸರುಗಳು ಅಳಿಯುವುದು ಲೆಕ್ಕದ ಮಾತೇ ಹೊರತು ಶಾಪದ ಮಾತಲ್ಲ. ತಾಯಿಯ ಹೆಸರನ್ನು ಮಗುವಿಗೆ ಕೊಡಲು ನೆದರ್ಲ್ಯಾಂಡ್ಸಿನ ಕಾನೂನು 1998ರಿಂದ ಅವಕಾಶ ಕೊಟ್ಟಿದೆ, 2024ರಿಂದ ಇಬ್ಬರ ಹೆಸರನ್ನೂ ಜೋಡಿಸಿ ಇಡಬಹುದು. ಕೆಲವು ಹೆಸರುಗಳು ಸತ್ತಿಲ್ಲ, ವಲಸೆ ಹೋಗಿವೆ: ಮೆರ್ವೆ ನದಿಯ ಕಡೆಯವರೆಂಬ ಅರ್ಥದ ‘ಫಾನ್ ಡರ್ ಮೆರ್ವೆ’ ತಾಯ್ನಾಡಿನಲ್ಲಿ ವಿರಳ, ದಕ್ಷಿಣ ಆಫ್ರಿಕಾದಲ್ಲಿ ಬೀದಿಗೊಬ್ಬರು. ಡಿ ಬಿಲ್ಟ್ ಊರಿನ ಹೆಸರು ಅಮೆರಿಕದಲ್ಲಿ ವ್ಯಾಂಡರ್‌ಬಿಲ್ಟ್ ಆಯಿತು.

ಒಂದು ಕಥೆಯನ್ನು ಮಾತ್ರ ನಂಬಬೇಡಿ. 1811ರಲ್ಲಿ ನೆಪೋಲಿಯನ್ ಅಡ್ಡಹೆಸರು ಕಡ್ಡಾಯ ಮಾಡಿದಾಗ ಡಚ್ಚರು ಕುಚೋದ್ಯಕ್ಕಾಗಿ ವಿಚಿತ್ರ ಹೆಸರುಗಳನ್ನು ಬರೆಸಿದರೆಂದು ಅವರೇ ನಗುತ್ತ ಹೇಳುತ್ತಾರೆ. ‘ಬೆತ್ತಲೆ ಹುಟ್ಟಿದವನು’ ಎಂಬ ಅರ್ಥ ಕೊಡುವ ‘ನಾಕ್ಟ್‌ಗೆಬೋರನ್’ ಎಂಬ ಹೆಸರೇ ಅದಕ್ಕೆ ಸಾಕ್ಷಿಯಂತೆ. ಆ ಹೆಸರು ನೆಪೋಲಿಯನ್ನನಿಗಿಂತ ಹಿಂದಿನದು, ತಂದೆ ಸತ್ತ ಮೇಲೆ ಹುಟ್ಟಿದವನು ಎಂಬ ಪದ ಬಾಯಿಂದ ಬಾಯಿಗೆ ಕೆಟ್ಟು ಹಾಗಾಯಿತೆಂಬುದು ವಿದ್ವಾಂಸರ ವಿವರಣೆ. ದಾವಣಗೆರೆ ದಾವಣಿಯಿಂದ ಬಂದಿತೋ ದೇವನಗರಿಯಿಂದ ಬಂದಿತೋ ಎಂದು ವಾದಿಸುವ ನಾವು ಅವರನ್ನು ಆಡಿಕೊಳ್ಳುವಂತಿಲ್ಲ.

ವಂಶವೃಕ್ಷ ಬರೆಯುವಾಗ ಹೆಸರನ್ನು ತಿದ್ದಬಾರದು. ಪ್ರತಿ ದಾಖಲೆಯಲ್ಲಿ ಇರುವಂತೆಯೇ, ಇಸವಿಯ ಸಮೇತ ಬರೆಯಬೇಕು. ನಮ್ಮ ಬೀಗರ ಹೆಸರಿನ ಗಂಟು ಬಿಚ್ಚಿದ್ದು ಹಾಗೆಯೇ. ಹತ್ತೊಂಬತ್ತನೆಯ ಶತಮಾನದ ಒಂದು ಮದುವೆಯ ಹಾಳೆಯಲ್ಲಿ ಗುಮಾಸ್ತ ಹೆಸರನ್ನು ಒಂದು ಬಗೆಯಲ್ಲಿ ಬರೆದಿದ್ದ, ವರ ಕೆಳಗೆ ನಡುಗುವ ಕೈಯಲ್ಲಿ ಇನ್ನೊಂದು ಬಗೆಯಲ್ಲಿ ಸಹಿ ಮಾಡಿದ್ದ. ಸಹಿಯಲ್ಲಿದ್ದ ಹೆಸರನ್ನು ಹಿಡಿದು ಹೋದರೆ ಪೂರ್ವ ಗಡಿಯ ಒಂದು ಹೊಲಮನೆ ಸಿಕ್ಕಿತು. ಅದಕ್ಕೂ ಹಿಂದಿನ ಚರ್ಚಿನ ಪುಸ್ತಕದಲ್ಲಿ ಆ ಮನೆಯ ಮಗಳನ್ನು ಮದುವೆಯಾಗಿ ಬಂದವನ ಹಳೆಯ ಹೆಸರು ಬೇರೆಯೇ ಇತ್ತು.

ಇದನ್ನೆಲ್ಲ ದೊಡ್ಡಮ್ಮನಿಗೆ ವಿವರಿಸಿದೆ. ಅವರು ಅಡಿಕೆ ಕತ್ತರಿಸುತ್ತಲೇ ಕೇಳಿ, “ಹಂಗಾದ್ರೆ ಇವರ ಹಿರೀಕ ಮನೆಅಳಿಯ ಅನ್ನು” ಎಂದರು.