60 ಗ್ರಾಂ ಪಾಸ್ತಾ, 5 ಗ್ರಾಂ ಎಣ್ಣೆ

ತೂಕ ಇಳಿಸಬೇಕು ಎಂದುಕೊಂಡವರ ಮನೆಯಲ್ಲಿ ಮೊದಲು ನಿಲ್ಲುವುದು ಪಾಸ್ತಾ. ಅದರ ಜಾಗಕ್ಕೆ ಅನ್ನವೋ ಎರಡು ದೋಸೆಯೋ ಬರುತ್ತದೆ. ಲೆಕ್ಕ ಹಾಕಿ ನೋಡಿದರೆ ಇದರಿಂದ ಏನೂ ಉಳಿತಾಯವಿಲ್ಲ. ಒಣ ಪಾಸ್ತಾ 100 ಗ್ರಾಮಿಗೆ ಸುಮಾರು 355 ಕ್ಯಾಲೊರಿ, ಅಕ್ಕಿಯೂ ಹೆಚ್ಚುಕಡಿಮೆ ಅಷ್ಟೇ. ಮೇಲಾಗಿ ಪಾಸ್ತಾದಲ್ಲಿ ಪ್ರೋಟೀನ್ 12 ಗ್ರಾಂನಷ್ಟಿದೆ, ಬಿಳಿ ಅಕ್ಕಿಯಲ್ಲಿ 7ರ ಆಸುಪಾಸು. ಮೈಗೆ ಹತ್ತುವುದು ಅದರ ಮೇಲೆ ಸುರಿಯುವ ಎಣ್ಣೆ, ಬೆಣ್ಣೆ, ಚೀಸ್. ಬರೀ ಬೆಳ್ಳುಳ್ಳಿ-ಎಣ್ಣೆಯ ಸ್ಪಗೆಟಿಯನ್ನೇ ನೋಡಿ: 100 ಗ್ರಾಂ ಪಾಸ್ತಾಕ್ಕೆ ದೊಡ್ಡ ಚಮಚದಲ್ಲಿ ಮೂರು ಸಲ ಎಣ್ಣೆ ಬಿದ್ದರೆ ಅದೇ 40 ಗ್ರಾಂ, ಅಂದರೆ 360 ಕ್ಯಾಲೊರಿ. ತಟ್ಟೆಯಲ್ಲಿ ಕಾಣುವುದು ಒಂದು ಊಟ, ಒಳಗಿರುವುದು ಎರಡು.

ಹಾಗಾಗಿ ನಾನು ಕಟ್ಟುನಿಟ್ಟಾಗಿ ತೂಗುವುದು ಎರಡನ್ನೇ. ಒಬ್ಬರಿಗೆ ಒಣ ಪಾಸ್ತಾ 60 ಗ್ರಾಂ (213 ಕ್ಯಾಲೊರಿ), ಎಣ್ಣೆ 5 ಗ್ರಾಂ (45 ಕ್ಯಾಲೊರಿ). ತರಕಾರಿಯನ್ನು ಕಣ್ಣಳತೆಯಲ್ಲೇ ಹಾಕುತ್ತೇನೆ. ಹೀರೆಕಾಯಿ, ಬಸಳೆ, ಟೊಮೆಟೊ ಇವೆಲ್ಲ 100 ಗ್ರಾಮಿಗೆ 20 ಕ್ಯಾಲೊರಿಯ ಆಚೀಚೆ. ಒಂದು ಹಿಡಿ ಹೆಚ್ಚಾದರೂ ಲೆಕ್ಕ ಕೆಡುವುದಿಲ್ಲ.

ತೂಕ ಯಾವಾಗಲೂ ಒಣದ್ದೇ ಆಗಬೇಕು. ಬೆಂದ ಪಾಸ್ತಾದ ತೂಕ ನಂಬುವಂಥದ್ದಲ್ಲ. ಗಟ್ಟಿಯಾಗಿ ಬೆಂದರೆ 60 ಗ್ರಾಂ 125 ಆಗುತ್ತದೆ, ಮೆತ್ತಗಾದರೆ 140 ದಾಟುತ್ತದೆ. ಹೆಚ್ಚಿದ್ದು ನೀರು ಮಾತ್ರ. ತಕ್ಕಡಿ ಇಲ್ಲದವರು 500 ಗ್ರಾಮಿನ ಪೊಟ್ಟಣವನ್ನು ತಂದ ದಿನವೇ ಎಂಟು ಸಮಪಾಲು ಮಾಡಿ ಕಟ್ಟಿಡಬಹುದು, ಒಂದೊಂದು 62 ಗ್ರಾಂ ಆಗುತ್ತದೆ. ಲೋಟದ ಅಳತೆ ಬೇಡ. ಒಂದೇ ಲೋಟದಲ್ಲಿ ಪೆನ್ನೆಗೂ ಮೆಕರೋನಿಗೂ ತೂಕ ಬೇರೆಬೇರೆ.

ಎಣ್ಣೆಗೆ ಚಮಚಕ್ಕಿಂತ ಒಳ್ಳೆಯ ಉಪಾಯವೊಂದಿದೆ. ಎಣ್ಣೆಯ ಬಾಟಲಿಯನ್ನೇ ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ಬಾಣಲೆಗೆ ಹೊಯ್ದು ಬಾಟಲಿಯನ್ನು ಮತ್ತೆ ಅಲ್ಲೇ ಇಡಿ. ಮೈನಸ್ 5 ಎಂದು ತೋರಿಸಿದರೆ ಬಿದ್ದದ್ದು 5 ಗ್ರಾಂ. ಮನೆಯ ಚಮಚಗಳು ಒಂದೊಂದು ಗಾತ್ರದವು, ತುಂಬಿ ತುಳುಕಿದ್ದೂ ಗೊತ್ತಾಗುವುದಿಲ್ಲ. ಶಿರಸಿಯ ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿರುತ್ತದೆ, ಆಗ ಚಮಚದ ಅಳತೆ ಇನ್ನೂ ದಾರಿ ತಪ್ಪುತ್ತದೆ. ಆಲಿವ್ ಎಣ್ಣೆಯಾದರೆ ಎಷ್ಟು ಹಾಕಿದರೂ ಅಡ್ಡಿಯಿಲ್ಲ ಎನ್ನುವವರಿದ್ದಾರೆ. ಆಲಿವ್, ಕೊಬ್ಬರಿ, ಶೇಂಗಾ, ಯಾವುದೇ ಇರಲಿ, ಎಣ್ಣೆಗೆ ಗ್ರಾಮಿಗೆ 9 ಕ್ಯಾಲೊರಿಯೇ.

ಪೊಟ್ಟಣ ಕೊಳ್ಳುವಾಗ ಹಿಂಬದಿ ಓದಿ. ಡುರಮ್ ಗೋಧಿಯ ರವೆ ಎಂದಿರಬೇಕು. ನಮ್ಮಲ್ಲಿ ಬನ್ಸಿ ರವೆ ಆಗುವುದೂ ಇದೇ ಜಾತಿಯ ಗೋಧಿಯಿಂದ. ಮೈದಾದ್ದೋ ಸಾದಾ ರವೆಯದ್ದೋ ಅಗ್ಗಕ್ಕೆ ಸಿಗುತ್ತದೆ, ಕ್ಯಾಲೊರಿಯೂ ಅಷ್ಟೇ. ಆದರೆ ಅದು ಒಂದು ನಿಮಿಷ ಹೆಚ್ಚಾದರೆ ಮುದ್ದೆ. ಮುದ್ದೆಯಾದ ಪಾಸ್ತಾವನ್ನು ಅಗಿಯುವ ಕೆಲಸವಿಲ್ಲ, ಅನ್ನದ ಹಾಗೆ ಸರಸರ ಇಳಿಯುತ್ತದೆ, ಇನ್ನೊಂದು ಸೌಟು ಬೇಕೆನಿಸುತ್ತದೆ.

ಬೇಯಿಸುವುದರಲ್ಲೇ ಎಣ್ಣೆ ಉಳಿಸುವ ಗುಟ್ಟು ಇದೆ. ಪುಸ್ತಕದ ಅಳತೆ 100 ಗ್ರಾಮಿಗೆ ಒಂದು ಲೀಟರ್ ನೀರು. ನಾನು 60 ಗ್ರಾಮಿಗೆ 400 ಮಿಲಿ ಮಾತ್ರ ಇಡುತ್ತೇನೆ, ಅದೂ ಅಗಲ ಬಾಣಲೆಯಲ್ಲಿ, ಸ್ಪಗೆಟಿ ಉದ್ದಕ್ಕೆ ಮಲಗುವ ಹಾಗೆ. ಉಪ್ಪು 3 ಗ್ರಾಂ ಸಾಕು, ನೀರು ಬತ್ತಿದಂತೆ ಉಪ್ಪು ಏರುತ್ತದೆ. ಮೊದಲ ಎರಡು ನಿಮಿಷ ಕೈ ಬಿಡದೆ ಮಗುಚಬೇಕು. ಅಂಟುವುದೆಲ್ಲ ಆ ಹೊತ್ತಿನಲ್ಲೇ. ನೀರು ಕಮ್ಮಿಯಿದ್ದಷ್ಟೂ ಅದರಲ್ಲಿ ಪಿಷ್ಟ ದಪ್ಪ. ಗಂಜಿ ತೆಳಿಯಂತೆ ಬೆಳ್ಳಗಾದ ಈ ನೀರೇ ಬೆಣ್ಣೆಯ ಕೆಲಸ ಮಾಡುತ್ತದೆ. 5 ಗ್ರಾಂ ಎಣ್ಣೆಯನ್ನು ಸಣ್ಣಸಣ್ಣ ಹನಿಯಾಗಿ ಹಿಡಿದಿಟ್ಟು, ಪ್ರತಿ ಎಳೆಗೂ ಹೊಳಪು ಕೊಡುತ್ತದೆ. ತೆಳಿಯನ್ನು ಬಸಿದು ಚೆಲ್ಲದೆ ಕುಡಿಯುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪೊಟ್ಟಣದಲ್ಲಿ ಬರೆದ ಹೊತ್ತಿಗೆ ಎರಡು ನಿಮಿಷ ಮೊದಲೇ ಒಂದು ತುಂಡು ಮುರಿದು ನೋಡಿ. ನಡುವೆ ಬಿಳಿ ಚುಕ್ಕೆ ಇರಬೇಕು. ಉಳಿದ ಬೇಯುವಿಕೆ ಒಗ್ಗರಣೆಯ ಬಾಣಲೆಯಲ್ಲಿ, 80 ಮಿಲಿಯಷ್ಟು ಅದೇ ನೀರಿನಲ್ಲಿ, ಜೋರು ಉರಿಯಲ್ಲಿ ಮಗುಚುತ್ತಾ. ಸಾಮಾನ್ಯವಾಗಿ ಆಗುವ ತಪ್ಪು ಎರಡು. ಒಂದು, ಅಂಟದಿರಲಿ ಎಂದು ಬೇಯುವ ನೀರಿಗೆ ಎಣ್ಣೆ ಬಿಡುವುದು. ಅದು ಮೇಲೆ ತೇಲಿ, ಬಸಿಯುವಾಗ ಪಾಸ್ತಾದ ಮೈಗೆ ಬಳಿದುಕೊಳ್ಳುತ್ತದೆ. ಮಸಾಲೆ ಹಿಡಿಯುವುದಿಲ್ಲ, ಕ್ಯಾಲೊರಿ ಮಾತ್ರ ಸೇರುತ್ತದೆ. ಇನ್ನೊಂದು, ಬೆಂದ ಮೇಲೆ ತಣ್ಣೀರಲ್ಲಿ ತೊಳೆಯುವುದು. ಪಿಷ್ಟವೆಲ್ಲ ಮೋರಿಗೆ ಹೋಗುತ್ತದೆ, ಆಮೇಲೆ ಸಾಸ್ ಗಟ್ಟಿಯಾಗಲು ಚೀಸ್ ಬೇಕಾಗುತ್ತದೆ.

ಕರಾವಳಿಯವರಿಗೆ ಬಳಚಿನ ಸ್ಪಗೆಟಿಯಷ್ಟು ಹಗುರವಾದ, ಅಷ್ಟೇ ರುಚಿಯಾದ ಪಾಸ್ತಾ ಇನ್ನೊಂದಿಲ್ಲ. ಇಟಲಿಯ ನೇಪಲ್ಸಿನವರು ಚಿಪ್ಪುಮೀನಿಗೆ ವೊಂಗೊಲೆ ಎನ್ನುತ್ತಾರೆ, ಕುಮಟೆಯವರು ಬಳಚು, ಕಾರವಾರದ ಕಡೆ ತಿಸ್ರೆ. ಅಘನಾಶಿನಿಯ ಅಳಿವೆಯ ಬಳಚಿಗೆ ಬೆಣ್ಣೆ, ಕ್ರೀಮು ಯಾವುದೂ ಬೇಡ, ಅದರ ರಸವೇ ಸಾಸ್. ಒಬ್ಬರಿಗೆ ಚಿಪ್ಪು ಸಮೇತ ಅರ್ಧ ಕಿಲೋ. ಇದರಲ್ಲಿ ಮಾಂಸ ಎಷ್ಟು ಎನ್ನುವುದು ಹಂಗಾಮಿನ ಮೇಲೆ, ಬಳಚಿನ ಗಾತ್ರದ ಮೇಲೆ. ಅದಕ್ಕೆ ಬೇಯಿಸಿ ಬಿಡಿಸಿದ ಮೇಲೆಯೇ ತೂಗಬೇಕು. 50 ಗ್ರಾಂ ಇದ್ದರೆ 70 ಕ್ಯಾಲೊರಿ ಎಂದು ಹಿಡಿಯಬಹುದು.

ಮರಳು ಬಿಡಿಸುವುದೇ ಇದರ ಅರ್ಧ ಕೆಲಸ. ಲೀಟರ್ ನೀರಿಗೆ 30 ಗ್ರಾಂ ಕಲ್ಲುಪ್ಪು ಕರಗಿಸಿ, ಸೋಸಿ, ಅದರಲ್ಲಿ ಬಳಚನ್ನು ಎರಡು ಮೂರು ಗಂಟೆ ಕತ್ತಲಲ್ಲಿಡಿ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಆಗರದ ಉಪ್ಪಾದರೆ ಸೋಸುವುದನ್ನು ಮರೆಯಬೇಡಿ. ಸಿಹಿನೀರಲ್ಲಿ ಹಾಕಿದರೆ ಬಳಚು ಬಾಯಿ ಬಿಗಿಹಿಡಿದು ಕೂರುತ್ತದೆ, ಮರಳು ಒಳಗೇ ಉಳಿಯುತ್ತದೆ, ಹೆಚ್ಚು ಹೊತ್ತಾದರೆ ಸತ್ತೇ ಹೋಗುತ್ತದೆ. ಪಾತ್ರೆಯ ತಳದಲ್ಲಿ ಒಂದು ತಟ್ಟೆ ಕವುಚಿ, ಅದರ ಮೇಲೆ ಬಳಚು ಹರಡಿದರೆ ಉಗುಳಿದ ಮರಳು ಕೆಳಗೆ ಇಳಿಯುತ್ತದೆ. ತೆಗೆಯುವಾಗ ಕೈಯಲ್ಲಿ ಎತ್ತಬೇಕು. ನೀರನ್ನು ಬಗ್ಗಿಸಿದರೆ ಮರಳು ಮತ್ತೆ ಅವುಗಳ ಮೇಲೇ. ಬಾಯಿ ತೆರೆದಿದ್ದು, ಬೆರಳಲ್ಲಿ ತಟ್ಟಿದರೂ ಮುಚ್ಚದವನ್ನು ಎಸೆಯಿರಿ. ಬೆಂದ ಮೇಲೂ ಬಾಯಿ ತೆರೆಯದವನ್ನೂ ಎಸೆಯಿರಿ.

ಬಳಚಿಗೆ 50 ಮಿಲಿ ನೀರು ಹಾಕಿ, ಮುಚ್ಚಳ ಮುಚ್ಚಿ ಜೋರು ಉರಿಯಲ್ಲಿ ಮೂರ್ನಾಲ್ಕು ನಿಮಿಷ ಇಟ್ಟರೆ ಚಿಪ್ಪು ತೆರೆದುಕೊಳ್ಳುತ್ತದೆ. ರಸವನ್ನು ತೆಳು ಪಂಚೆ ಬಟ್ಟೆಯಲ್ಲಿ ಸೋಸಿಕೊಳ್ಳಿ. ಇದು ಚೆನ್ನಾಗಿ ಉಪ್ಪಿರುತ್ತದೆ, ಹಾಗಾಗಿ ಈ ಅಡುಗೆಗೆ ಮಾತ್ರ ಪಾಸ್ತಾ ಬೇಯುವ ನೀರಿಗೆ ಉಪ್ಪೇ ಹಾಕುವುದಿಲ್ಲ. ಬಾಣಲೆಯಲ್ಲಿ 5 ಗ್ರಾಂ ಎಣ್ಣೆ, ತೆಳ್ಳಗೆ ಹೆಚ್ಚಿದ ಬೆಳ್ಳುಳ್ಳಿ 10 ಗ್ರಾಂ, ಕುಮಟೆಯ ಸಿಹಿ ಈರುಳ್ಳಿ ಅರ್ಧ, ಸೀಳಿದ ಹಸಿಮೆಣಸು ಒಂದು. ಎಣ್ಣೆ ಕಡಿಮೆ ಇರುವುದರಿಂದ ಬೆಳ್ಳುಳ್ಳಿ ಕ್ಷಣದಲ್ಲಿ ಸೀಯುತ್ತದೆ. ತಣ್ಣನೆಯ ಎಣ್ಣೆಗೇ ಹಾಕಿ ಸಣ್ಣ ಉರಿಯಲ್ಲಿ ಶುರು ಮಾಡಿ, ಅಂಚು ಹೊಂಬಣ್ಣಕ್ಕೆ ತಿರುಗಿದ ಕೂಡಲೇ ಬಳಚಿನ ರಸ ಹೊಯ್ಯಿರಿ. ಅದಕ್ಕೆ ಅರೆಬೆಂದ ಸ್ಪಗೆಟಿ, ಬೇಯಿಸಿದ ನೀರು. ಎರಡು ನಿಮಿಷ ಮಗುಚಿ ಉರಿ ಆರಿಸಿದ ಮೇಲೆ ಬಳಚಿನ ಮಾಂಸ, ಕೊತ್ತಂಬರಿ, ಅರ್ಧ ಲಿಂಬೆಯ ರಸ. ಮಾಂಸವನ್ನು ಮೊದಲೇ ಹಾಕಿ ಕುದಿಸಿದರೆ ರಬ್ಬರಿನಂತಾಗುತ್ತದೆ. ಇಷ್ಟಕ್ಕೆಲ್ಲ ಒಟ್ಟು 370 ಕ್ಯಾಲೊರಿಯ ಆಸುಪಾಸು. ಹೆದ್ದಾರಿಯ ಬದಿಯಲ್ಲಿ ಜಡೆ ಹೆಣೆದು ತೂಗುಹಾಕುವ ಆ ಈರುಳ್ಳಿಗೆ ಬದಲು ಬೇರೆ ಈರುಳ್ಳಿಯೂ ಆಗುತ್ತದೆ. ಆದರೆ ಟೊಮೆಟೊ ಸಾಸಿಗೆ ಕುಮಟೆಯದ್ದೇ ವಾಸಿ, ಹುಳಿ ಮುರಿಯಲು ಸಕ್ಕರೆ ಹಾಕುವ ಕೆಲಸವಿರುವುದಿಲ್ಲ.

ಸಿಗಡಿ, ನಮ್ಮ ಮಾತಿನ ಶೆಟ್ಲಿ, ಸುಲಿದದ್ದು 100 ಗ್ರಾಂ ಹಾಕಿದರೆ 90 ಕ್ಯಾಲೊರಿಯಷ್ಟೇ, ಪ್ರೋಟೀನ್ 20 ಗ್ರಾಂ. ಸುಲಿದ ತಲೆ, ಸಿಪ್ಪೆ ಎಸೆಯಬೇಡಿ. ಒಣ ಬಾಣಲೆಯಲ್ಲಿ ಕೆಂಪಗೆ ಹುರಿದು, 300 ಮಿಲಿ ನೀರಲ್ಲಿ ಕಾಲು ಗಂಟೆ ಕುದಿಸಿ ಸೋಸಿದರೆ ಕ್ರೀಮಿನಷ್ಟೇ ತೂಕದ ರುಚಿ ಬರುತ್ತದೆ, ಕ್ಯಾಲೊರಿ ಮಾತ್ರ ಹೆಸರಿಗಷ್ಟೇ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಆಗ ಒಣ ಶೆಟ್ಲಿಯೇ ಗತಿ, ಮತ್ತು ಅದು ಕೆಟ್ಟ ಗತಿಯಲ್ಲ. 10 ಗ್ರಾಮನ್ನು ತಲೆ ಬಾಲ ಮುರಿದು, ಎಣ್ಣೆಯಿಲ್ಲದೆ ಗರಿಗರಿಯಾಗಿ ಹುರಿದು, ತರಿತರಿಯಾಗಿ ಪುಡಿ ಮಾಡಿ. ಇಟಲಿಯವರು ಪಾರ್ಮೆಸಾನ್ ತುರಿಯುವ ಜಾಗದಲ್ಲಿ ಇದನ್ನು ಉದುರಿಸಬಹುದು. ಉಪ್ಪು, ಘಮ ಎರಡೂ ಇದೆ. ಮಳೆಗಾಲದಲ್ಲಿ ಮೆತ್ತಗಾದ ಒಣ ಶೆಟ್ಲಿಯನ್ನು ಹುರಿಯದೆ ಪುಡಿ ಮಾಡಲು ಹೋದರೆ ಚಟ್ನಿಯಂತೆ ಅಂಟುತ್ತದೆ, ಅಷ್ಟು ನೋಡಿಕೊಳ್ಳಿ.

ಘಟ್ಟದ ಮೇಲಿನ ಸಸ್ಯಾಹಾರಿ ಅಡುಗೆಮನೆಗೆ ಕಷ್ಟ ಬರುವುದು ಬಿಳಿ ಸಾಸಿನಲ್ಲಿ. ಇಬ್ಬರಿಗೆ ಎಂದು 30 ಗ್ರಾಂ ಬೆಣ್ಣೆ, 20 ಗ್ರಾಂ ಮೈದಾ, 400 ಮಿಲಿ ಕೆನೆಹಾಲು, 60 ಗ್ರಾಂ ಸಂಸ್ಕರಿಸಿದ ಚೀಸ್ ಹಾಕಿದರೆ ಸಾಸೇ 800 ಕ್ಯಾಲೊರಿ ದಾಟುತ್ತದೆ. ನನ್ನ ಅಳತೆ ಹೀಗೆ: 3 ಶೇಕಡಾ ಕೊಬ್ಬಿನ ಹಾಲು 300 ಮಿಲಿ, ಮೈದಾ 15 ಗ್ರಾಂ, ಗಟ್ಟಿ ಚೀಸ್ 20 ಗ್ರಾಂ, ಬೆಣ್ಣೆ ಸೊನ್ನೆ. ಒಟ್ಟು 310ರ ಆಸುಪಾಸು, ಒಬ್ಬರ ಪಾಲಿಗೆ 155. ಬೆಣ್ಣೆಯಲ್ಲಿ ಹುರಿಯದ ಮೈದಾ ಬಿಸಿ ಹಾಲಿಗೆ ಬಿದ್ದರೆ ಹೊರಮೈ ಮೊದಲೇ ಬೆಂದು ಒಳಗೆ ಒಣ ಹಿಟ್ಟು ಉಳಿಯುತ್ತದೆ, ಗಂಟಾಗುವುದು ಹಾಗೆ. ಅದಕ್ಕೇ ತಣ್ಣನೆಯ ಹಾಲಿನಲ್ಲೇ ಕದಡಿ ಒಲೆಗಿಡಬೇಕು. ದಪ್ಪವಾದ ಮೇಲೂ ನಾಲ್ಕು ನಿಮಿಷ ಸಣ್ಣಗೆ ಕುದಿಯಲಿ, ಹಸಿ ಹಿಟ್ಟಿನ ವಾಸನೆ ಅಷ್ಟರೊಳಗೆ ಹೋಗುತ್ತದೆ. ಚೀಸ್ ಉರಿ ಆರಿಸಿದ ಮೇಲೆ. ಬೆಣ್ಣೆಯಿಲ್ಲದ ಕೊರತೆ ಮುಚ್ಚಲು ತೋಟದ ಜಾಯಿಕಾಯಿ ಎರಡು ಉಜ್ಜು, ಆಗತಾನೆ ಕುಟ್ಟಿದ ಕಾಳುಮೆಣಸು. ಪುಡಿ ಮಾಡಿಟ್ಟ ಮೆಣಸಿಗೆ ಆ ಶಕ್ತಿಯಿಲ್ಲ.

ಇನ್ನೊಂದು ದಾರಿ ತಂಬುಳಿಯದ್ದು. ಒಂದೆಲಗದ ಎಲೆ 30 ಗ್ರಾಂ (ಅರ್ಧ ನಿಮಿಷ ಒಣ ಬಾಣಲೆಯಲ್ಲಿ ಬಾಡಿಸಿ), ಕೊತ್ತಂಬರಿ 20 ಗ್ರಾಂ, ಗೇರುಬೀಜ 12 ಗ್ರಾಂ, ಬೆಳ್ಳುಳ್ಳಿ ಒಂದು ಎಸಳು, ಹಸಿಮೆಣಸು, ಎಣ್ಣೆ 5 ಗ್ರಾಂ, ಗಟ್ಟಿ ಮೊಸರು 60 ಗ್ರಾಂ. ಮೊಸರು ಬಿಟ್ಟು ಉಳಿದದ್ದನ್ನು ಅರೆದು, ಕೊನೆಗೆ ಮೊಸರು ಸೇರಿಸಬೇಕು. ಇಟಲಿಯ ಜಿನೋವಾದವರು ಬೇಸಿಲ್ ಎಲೆ ಅರೆದು ಮಾಡುವ ಪೆಸ್ಟೊದಲ್ಲಿ ಎಣ್ಣೆ ಮಾಡುವ ಕೆಲಸವನ್ನು ಇಲ್ಲಿ ಮೊಸರು ಮಾಡುತ್ತದೆ. ಪಾಸ್ತಾ ಸೇರಿ 380 ಕ್ಯಾಲೊರಿಯ ಆಸುಪಾಸು. ಒಂದೆಲಗ ಮಾತ್ರ ಹಾಕಿದರೆ ಕಹಿ ಮೇಲೇಳುತ್ತದೆ, ಕೊತ್ತಂಬರಿ ಬೇಕೇ ಬೇಕು. ಅಂಗಳದಲ್ಲಿ ಕಾಮಕಸ್ತೂರಿ ಇದ್ದರೆ ಅದೂ ಆಗುತ್ತದೆ, ಇಟಲಿಯ ಬೇಸಿಲ್ ಅದರದ್ದೇ ಜಾತಿ. ನಮ್ಮದರ ಘಾಟು ಜಾಸ್ತಿ, ಅರ್ಧ ಸಾಕು. ತಂಬುಳಿಯನ್ನು ಯಾರೂ ಕುದಿಸುವುದಿಲ್ಲ, ಇದನ್ನೂ ಕುದಿಸಬಾರದು. ಉರಿ ಆರಿಸಿ ಎರಡು ನಿಮಿಷ ಬಿಟ್ಟು ಕಲಸಿ, ಇಲ್ಲದಿದ್ದರೆ ಮೊಸರು ಒಡೆದು ನೀರು ಬೇರೆ, ಹರಳು ಬೇರೆ ಆಗುತ್ತದೆ. ಗೇರುಬೀಜದಲ್ಲಿ ಕೈ ಬಿಗಿಯಿರಲಿ. ಹಿಡಿ ತುಂಬ ಹಾಕಿದರೆ 30 ಗ್ರಾಂ, ಅದೊಂದೇ 170 ಕ್ಯಾಲೊರಿ. ಹಸಿ ಕಾಯಿತುರಿಯೂ ಹಾಗೇ, 100 ಗ್ರಾಮಿಗೆ 350. ತರಕಾರಿ ಎಂದು ಅದನ್ನು ಲೆಕ್ಕದಿಂದ ಬಿಡುವಂತಿಲ್ಲ.

60 ಗ್ರಾಂ ಪಾಸ್ತಾ ತಟ್ಟೆಯಲ್ಲಿ ಬಡವಾಗಿ ಕಾಣುತ್ತದೆ, ನಿಜ. ತುಂಬಿಸುವುದಕ್ಕೆ ಹೀರೆಕಾಯಿಯಂಥದ್ದು ಬೇರೆ ಇಲ್ಲ. ಪೀಲರಿನಲ್ಲಿ ಸಿಪ್ಪೆ ಹೆರೆದು, ಅದರಲ್ಲೇ ಉದ್ದಕ್ಕೆ ತೆಳು ಪಟ್ಟಿ ಎಳೆದರೆ ಅಗಲ ಪಾಸ್ತಾದ ಜತೆ ಗುರುತೇ ಸಿಗದಂತೆ ಬೆರೆಯುತ್ತದೆ. 200 ಗ್ರಾಂ ಹಾಕಿದರೂ 40 ಕ್ಯಾಲೊರಿ ದಾಟುವುದಿಲ್ಲ. ಆದರೆ ನೀರು ಬಿಡುವುದರಲ್ಲಿ ಅದನ್ನು ಮೀರಿಸಿದ್ದಿಲ್ಲ. ಚಿಟಿಕೆ ಉಪ್ಪು ಹಾಕಿ ಕಾಲು ಗಂಟೆ ಬಿಟ್ಟು ಹಿಂಡಿ, ಬೇರೆ ಬಾಣಲೆಯಲ್ಲಿ ಜೋರು ಉರಿಯಲ್ಲಿ ಒಂದು ನಿಮಿಷ ಬಾಡಿಸಿ, ಕೊನೆಗೆ ಸೇರಿಸಿ. ನೇರ ಸಾಸಿಗೆ ಹಾಕಿದರೆ ಎಲ್ಲ ಸಾರಾಗುತ್ತದೆ, ಅದನ್ನು ಗಟ್ಟಿ ಮಾಡಲು ಮತ್ತೆ ಚೀಸಿನ ಮೊರೆ.

ಮನೆಮಂದಿಗೆಲ್ಲ ಒಟ್ಟಿಗೆ ಮಾಡುವಾಗ ನಿಮ್ಮ ಪಾಲು ಎಷ್ಟು ಎಂಬುದಕ್ಕೆ ಪಾತ್ರೆಯ ತೂಕ ಗೊತ್ತಿರಬೇಕು. ಪಾತ್ರೆಗೆ ಹೆಸರು ಕೊರೆಸುವ ರೂಢಿ ಹೇಗೂ ಇದೆ, ಪಕ್ಕದಲ್ಲಿ ಖಾಲಿ ತೂಕವನ್ನೂ ಬರೆದಿಡಿ. ನಾಲ್ವರಿಗೆಂದು 240 ಗ್ರಾಂ ಒಣ ಪಾಸ್ತಾ ಹಾಕಿ ಮಾಡಿದ್ದು, ಪಾತ್ರೆಯ ತೂಕ ಕಳೆದು 1,400 ಗ್ರಾಂ ಬಂತು ಎನ್ನಿ. ನಿಮ್ಮದು 350 ಗ್ರಾಂ, ಅದರೊಳಗೆ 60 ಗ್ರಾಂ ಪಾಸ್ತಾ. ಬಡಿಸುವವರು ಇನ್ನೊಂದು ಸೌಟು ಹಾಕುವುದೂ ಉಂಟು, ಒಂದು ಸೌಟಿಗೆ ಎಷ್ಟು ಗ್ರಾಂ ಎಂಬುದೂ ಗೊತ್ತಿದ್ದರೆ ಒಳ್ಳೆಯದು.

ತಣಿಸಿಟ್ಟ ಪಾಸ್ತಾದ ಪಿಷ್ಟ ಸ್ವಲ್ಪ ಭಾಗ ಜೀರ್ಣವಾಗದ ರೂಪಕ್ಕೆ ತಿರುಗುವುದು ನಿಜ. ಆದರೆ ಅದು ಸಣ್ಣ ಮೊತ್ತ, ಅದನ್ನು ನಂಬಿ 60ರ ಜಾಗದಲ್ಲಿ 90 ಗ್ರಾಂ ಬೇಯಿಸಲು ಹೋಗಬೇಡಿ. ಉಳಿದದ್ದನ್ನು ಬಿಸಿ ಮಾಡುವಾಗ ಎಣ್ಣೆ ಹಾಕದೆ ಎರಡು ಚಮಚ ನೀರು ಚಿಮುಕಿಸಿ, ಮುಚ್ಚಿ ಒಂದು ನಿಮಿಷ ಇಟ್ಟರೆ ಸಾಸ್ ಮತ್ತೆ ಸಡಿಲವಾಗುತ್ತದೆ. ಮೊಸರಿನದ್ದನ್ನು ಮಾತ್ರ ಬಿಸಿ ಮಾಡದೆ ತಣ್ಣಗೇ ತಿನ್ನಿ. ಬಳಚಿನದ್ದನ್ನು ಉಳಿಸಲೇಬೇಡಿ.

ಇಲ್ಲಿಯ ಮಳೆಗೆ ಒಡೆದ ಪೊಟ್ಟಣ ಬೇಗ ಮುಗ್ಗಾಗುತ್ತದೆ, ಹುಳವೂ ಆಗುತ್ತದೆ. ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ. ತಕ್ಕಡಿಯ ಬ್ಯಾಟರಿಯನ್ನೂ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು, ಕಿಲುಬು ಬಂದಿದ್ದರೆ ಒರೆಸಿ. ಅಂಕಿ ನಿಲ್ಲದೆ ಕುಣಿಯತೊಡಗಿದರೆ ಹೆಚ್ಚಾಗಿ ಅದೇ ಕಾರಣ. ಸರಿಯಿದೆಯೋ ಎಂದು ನೋಡಲು ಲೋಟವನ್ನಿಟ್ಟು ಸೊನ್ನೆ ಮಾಡಿ 100 ಮಿಲಿ ನೀರು ಹೊಯ್ಯಿರಿ, 100 ಗ್ರಾಂ ತೋರಿಸಬೇಕು.