ಬುದ್ಧಿಹಲ್ಲಿನ ವಸಡು ಮತ್ತೆ ಮತ್ತೆ ಬಾತುಕೊಂಡಾಗ ನಾನು ಮಾಡಿದ್ದು

ಬುದ್ಧಿಹಲ್ಲಿನ ನೋವು ಬರುತ್ತದೆ, ನಾಲ್ಕು ದಿನ ಕಾಡುತ್ತದೆ, ತಾನಾಗಿಯೇ ಹೋಗುತ್ತದೆ. ಹೋಯಿತಲ್ಲ ಅಂತ ನಾವೂ ಸುಮ್ನಾಗುತ್ತೇವೆ. ಒಂದೆರಡು ತಿಂಗಳು ಬಿಟ್ಟು ಅದೇ ಜಾಗ ಮತ್ತೆ ಬಾತುಕೊಳ್ಳುತ್ತದೆ. ನನಗೆ ಕೆಳದವಡೆಯ ಬಲಗಡೆ, ಕಟ್ಟಕಡೆಯ ಹಲ್ಲಿನ ಹತ್ತಿರ ಹೀಗೆ ಆಗುತ್ತಲೇ ಇತ್ತು. ಎಂಜಲು ನುಂಗಿದರೂ ಕಿವಿಯವರೆಗೆ ಸೆಳೆತ. ಬಾಯಿ ಪೂರ್ತಿ ತೆರೆಯಲು ಆಗುತ್ತಿರಲಿಲ್ಲ. ಬೆಳಿಗ್ಗೆ ಎದ್ದರೆ ಬಾಯಲ್ಲಿ ಒಂದು ಕೆಟ್ಟ ರುಚಿ.

ಮಂಗಳೂರಿನ ಕಂಕನಾಡಿಯ ಒಬ್ಬ ದಂತವೈದ್ಯರು ನನ್ನ ಕೈಗೆ ಕನ್ನಡಿ ಕೊಟ್ಟು ಅದನ್ನು ತೋರಿಸಿದರು. ಹಲ್ಲು ಅರ್ಧ ಮಾತ್ರ ಹೊರಗೆ ಬಂದಿತ್ತು. ಉಳಿದ ಅರ್ಧದ ಮೇಲೆ ವಸಡಿನ ಒಂದು ಪದರ ಜೇಬಿನ ಹಾಗೆ ಮುಚ್ಚಿಕೊಂಡಿತ್ತು. ಕೆಂಪಾಗಿ ಉಬ್ಬಿದ ಆ ಪದರದ ಮೇಲೆ ಹಲ್ಲಿನ ಗುರುತು ಬೇರೆ. "ಮೇಲಿನ ಹಲ್ಲು ಇದನ್ನೇ ಕಚ್ಚುತ್ತಾ ಉಂಟು ನೋಡಿ" ಅಂದರು. ಆಮೇಲೆ ಮೊಂಡು ತುದಿಯ ಸಿರಿಂಜನ್ನು ಪದರದ ಅಡಿಗೆ ತೂರಿಸಿ ಸಲೈನ್ ನೀರು ಬಿಟ್ಟರು. ಮೊದಲು ಬಿಳಿಚಿದ ಕೀವು ಬಂತು. ಅದರ ಹಿಂದೆಯೇ ಊಟದ ಒಂದು ಸಣ್ಣ ಚೂರು, ಕೊಳೆತ ವಾಸನೆ. ಎರಡು ಮೂರು ಸಲ ತೊಳೆದ ಮೇಲೆ ಬಂದ ನೀರು ತಿಳಿಯಾಗಿತ್ತು. ಆ ಸಂಜೆಗೇ ನೋವು ಎಷ್ಟೋ ಇಳಿಯಿತು.

ಈ ತೊಂದರೆಗೆ ಪೆರಿಕೊರೊನೈಟಿಸ್ ಅನ್ನುತ್ತಾರೆ. ಸಾಮಾನ್ಯವಾಗಿ 17ರಿಂದ 25ರ ವಯಸ್ಸಿನಲ್ಲಿ ಬುದ್ಧಿಹಲ್ಲು ಬರುತ್ತದೆ. ಅಷ್ಟರಲ್ಲಿ ದವಡೆಯಲ್ಲಿ ಜಾಗ ಮುಗಿದಿದ್ದರೆ ಹಲ್ಲು ಅರ್ಧಕ್ಕೇ ನಿಲ್ಲುತ್ತದೆ. ಪದರದ ಅಡಿಗೆ ಬ್ರಶ್ ಹೋಗುವುದಿಲ್ಲ, ಅನ್ನದ ಅಗುಳು ಹೋಗುತ್ತದೆ. ಆ್ಯಂಟಿಬಯೋಟಿಕ್ ನುಂಗಿದರೆ ಸೋಂಕು ಇಳಿಯುತ್ತದೆ ನಿಜ. ಆದರೆ ಆ ಜೇಬು ಅಲ್ಲೇ ಇರುತ್ತದೆ ಅಲ್ವಾ? ಅದಕ್ಕೇ ನೋವು ಮತ್ತೆ ಬರುವುದು. ಮೆಡಿಕಲ್‌ನಿಂದ ನಾವೇ ಮಾತ್ರೆ ತಂದು ನುಂಗುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಈ ನೋವಿಗಂತೂ ಅದು ಖಂಡಿತ ಬೇಡ. ಮಾತ್ರೆ ಬೇಕೋ ಬೇಡವೋ ಅನ್ನುವುದನ್ನು ಬಾಯಿ ನೋಡಿದವರೇ ಹೇಳಬೇಕು.

ಹಲ್ಲು ಕೀಳಿಸುವವರೆಗೆ ನನ್ನನ್ನು ಕಾಪಾಡಿದ್ದು ದಿನದಿನದ ಶುಚಿ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಪ್ರತಿ ಊಟದ ನಂತರ ಬಾಯಿ ಮುಕ್ಕಳಿಸುತ್ತಿದ್ದೆ. ಸುಮ್ನೆ ಬಾಯಿಗೆ ಹಾಕಿ ಉಗಿದರೆ ಪ್ರಯೋಜನವಿಲ್ಲ. ತಲೆಯನ್ನು ನೋವಿರುವ ಕಡೆಗೆ ವಾಲಿಸಿ, ನೀರನ್ನು ಅಲ್ಲೇ ನಿಲ್ಲಿಸಿಕೊಳ್ಳಬೇಕು. ಮಕ್ಕಳ ಬ್ರಶ್ ತಂದುಕೊಂಡೆ, ಅದರ ತಲೆ ಚಿಕ್ಕದು, ಹಿಂದಿನ ಮೂಲೆಗೆ ಸಲೀಸಾಗಿ ತಲುಪುತ್ತದೆ. ಬಾಯಿಯನ್ನು ಅರ್ಧ ಮುಚ್ಚಿಕೊಂಡರೆ ಕೆನ್ನೆ ಸಡಿಲವಾಗಿ ಬ್ರಶ್‌ಗೆ ಇನ್ನೂ ಜಾಗ ಸಿಗುತ್ತದೆ. ಡಾಕ್ಟರ್ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಕೂಡ ಬರೆದಿದ್ದರು. ಅದನ್ನು ಹೇಳಿದಷ್ಟು ದಿನ ಮಾತ್ರ ಬಳಸಬೇಕು, ಹೆಚ್ಚು ದಿನ ಬಳಸಿದರೆ ಹಲ್ಲಿಗೆ ಕಂದು ಕಲೆ ಬೀಳುತ್ತದೆ.

ಬಾತಿರುವ ದಿನಗಳಲ್ಲಿ ಚಕ್ಕುಲಿ, ಚಟ್ಟಂಬಡೆ, ಹುರಿದ ಬಂಗುಡೆ ಎಲ್ಲ ಬಂದ್. ನಮ್ಮತ್ತೆ ಲವಂಗದ ಎಣ್ಣೆ ಹಚ್ಚು ಅಂತ ಒತ್ತಾಯ ಮಾಡುತ್ತಿದ್ದರು. ಬರೀ ಎಣ್ಣೆಯನ್ನು ಹಾಗೇ ವಸಡಿಗೆ ಹಚ್ಚಿದರೆ ಸುಡುತ್ತದೆ ಅತ್ತೆ ಅಂತ ಅವರಿಗೆ ತಿಳಿಸಿ ಹೇಳಿದೆ. ಕೆಲವರು ನೋವಿನ ಮಾತ್ರೆಯನ್ನೇ ಪುಡಿ ಮಾಡಿ ಹಲ್ಲಿನ ಪಕ್ಕ ಇಡುತ್ತಾರೆ. ಅದರಿಂದ ವಸಡಿನ ಸಿಪ್ಪೆಯೇ ಏಳುತ್ತದೆ.

ಒಂದು ವಿಷಯದಲ್ಲಿ ಮಾತ್ರ ಯಾರೂ ಕಾಯಬೇಡಿ. ಜ್ವರ ಬಂದರೆ, ಊತ ಗದ್ದದಡಿಗೋ ಕುತ್ತಿಗೆಗೋ ಇಳಿದರೆ, ನುಂಗಲು ಉಸಿರಾಡಲು ಕಷ್ಟವಾದರೆ, ರಾತ್ರಿಯಾದರೂ ಸರಿ, ದೊಡ್ಡ ಆಸ್ಪತ್ರೆಗೆ ಹೋಗಿ. ಕುತ್ತಿಗೆಗೆ ಇಳಿದ ಸೋಂಕು ಶ್ವಾಸದ ದಾರಿಯನ್ನೇ ಕಟ್ಟಬಹುದು.

ಇನ್ನೊಮ್ಮೆ ಬಾತುಕೊಂಡಾಗ, ಈ ಹಲ್ಲನ್ನು ಕೀಳಿಸಿಯೇ ಬಿಡುವುದೆಂದು ನಿರ್ಧರಿಸಿದೆ. ಊತ ಇರುವಾಗ ಸಾಮಾನ್ಯವಾಗಿ ಕೀಳುವುದಿಲ್ಲ, ಮರಗಟ್ಟಿಸುವ ಮದ್ದೂ ಆಗ ಸರಿಯಾಗಿ ಹಿಡಿಯುವುದಿಲ್ಲ. ಹಾಗಾಗಿ ಎಲ್ಲ ಶಾಂತವಾದ ಮೇಲೆ, ನೋವೇ ಇಲ್ಲದ ದಿನ ಹೋದೆ. ನೋವಿಲ್ಲದಾಗ ಹೋಗಲು ಮನಸ್ಸೇ ಬರುವುದಿಲ್ಲ, ಆದರೆ ಅದೇ ಸರಿಯಾದ ಹೊತ್ತು. ಮಂಗಳೂರಿನ ಹತ್ತಿರದ ದೇರಳಕಟ್ಟೆಯಲ್ಲೇ ಎರಡು ಡೆಂಟಲ್ ಕಾಲೇಜುಗಳಿವೆ. ಅಂಥ ಕಡೆ ಕಾಯುವುದು ಜಾಸ್ತಿ, ಖರ್ಚು ಕಡಿಮೆ. ನಾನು ಹೋದದ್ದೂ ಅಲ್ಲಿಗೇ. ಮೊದಲು ಒಪಿಜಿ ಎಕ್ಸ್‌ರೇ, ಎರಡೂ ದವಡೆ ಒಂದೇ ಚಿತ್ರದಲ್ಲಿ. ನನ್ನ ಹಲ್ಲು ಮುಂದಿನ ಹಲ್ಲಿನ ಕಡೆಗೆ ವಾಲಿತ್ತು. ಅದರ ಬೇರಿನ ಕೆಳಗೆ ತುಟಿಗೆ ಹೋಗುವ ನರದ ದಾರಿ ಕಾಣುತ್ತದೆ. ಬೇರಿಗೂ ನರಕ್ಕೂ ಎಷ್ಟು ಅಂತರ ಉಂಟು ಎಂದು ನೀವೇ ಕೇಳಿ ತಿಳಿದುಕೊಳ್ಳಿ. ತೀರಾ ಹತ್ತಿರವಿದ್ದರೆ ಕೆಳತುಟಿ ಜೋಮು ಹಿಡಿಯುವ ಸಾಧ್ಯತೆ ಹೆಚ್ಚು. ನನ್ನದರಲ್ಲಿ ಅಂತರ ಚೆನ್ನಾಗಿತ್ತು.

ಕೀಳುವಾಗ ನೋವಾಗಲಿಲ್ಲ, ಒತ್ತಿದ್ದು ಮತ್ತು ಶಬ್ದ ಮಾತ್ರ ಗೊತ್ತಾಯಿತು. ಹಲ್ಲನ್ನು ತುಂಡು ಮಾಡಿ ತೆಗೆದು ಹೊಲಿಗೆ ಹಾಕಿದರು. ನಿಜವಾದ ಕೆಲಸ ಶುರುವಾಗುವುದು ಮನೆಗೆ ಬಂದ ಮೇಲೆ. ಹಲ್ಲಿದ್ದ ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಗಾಯಕ್ಕೆ ಮದ್ದು, ಅದನ್ನು ಕದಲಿಸಬಾರದು. ಮೊದಲ ದಿನ ಉಗುಳಬಾರದು, ಮುಕ್ಕಳಿಸಬಾರದು, ಸ್ಟ್ರಾ ಹಾಕಿ ಎಳನೀರೂ ಕುಡಿಯಬಾರದು. ಹೆಪ್ಪು ಕಿತ್ತುಹೋದರೆ ಗುಳಿ ಬರಿದಾಗಿ, ಅಂದರೆ ಡ್ರೈ ಸಾಕೆಟ್ ಆಗಿ, ಮೂರು ನಾಲ್ಕನೇ ದಿನಕ್ಕೆ ನೋವು ಇಳಿಯುವ ಬದಲು ಏರುತ್ತದೆ. ಬೀಡಿ ಸಿಗರೇಟು ಸೇದುವವರಿಗೆ ಅದು ಹೆಚ್ಚು. ಎಲೆಯಡಿಕೆಯನ್ನೂ ಗಾಯ ಮಾಯುವವರೆಗೆ ಬಿಡಲೇಬೇಕು. ಕೆನ್ನೆಯ ಮೇಲೆ ಆಗಾಗ ಐಸ್ ಇಟ್ಟೆ. ಮರುದಿನದಿಂದ ಮೆಲ್ಲಗೆ ಉಪ್ಪುನೀರು ಶುರು ಮಾಡಿದೆ. ಕೆನ್ನೆ ಎರಡು ಮೂರನೇ ದಿನ ಜಾಸ್ತಿ ಊದುವುದು, ಹೆದರಬೇಡಿ, ಆಮೇಲೆ ತಾನೇ ಇಳಿಯುತ್ತದೆ.

ಊಟಕ್ಕೆ ಕುಚ್ಚಲಕ್ಕಿ ಗಂಜಿಯನ್ನು ತಣಿಸಿ, ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿಕೊಂಡೆ. ಹಾಗೇ ಉಂಡರೆ ಅಗುಳು ಗುಳಿಯಲ್ಲಿ ಕೂರುತ್ತದೆ. ಐಸ್‌ಕ್ರೀಮ್ ತಿನ್ನಬಹುದು, ಆದರೆ ಗಡ್‌ಬಡ್ ಬೇಡ, ಅದರಲ್ಲಿ ಗೋಡಂಬಿ ಇರುತ್ತದೆ.

ನನ್ನ ಎಡಗಡೆಯ ಬುದ್ಧಿಹಲ್ಲು ಹಾಗೇ ಉಂಟು. ಅದು ನೇರವಾಗಿ, ಪೂರ್ತಿ ಹೊರಗೆ ಬಂದಿದೆ. ಬ್ರಶ್ ತಲುಪುತ್ತದೆ, ಒಮ್ಮೆಯೂ ಬಾತಿಲ್ಲ. ತೊಂದರೆ ಕೊಡದ ಬುದ್ಧಿಹಲ್ಲನ್ನು ಮುಂಜಾಗ್ರತೆಗೆಂದು ಕೀಳಬೇಡಿ ಎಂದು ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2000ದಲ್ಲೇ ಹೇಳಿದೆ. ನನ್ನ ಡಾಕ್ಟರ್ ಕೂಡ ಅದನ್ನು ಮುಟ್ಟುವ ಅಗತ್ಯ ಇಲ್ಲ, ವರ್ಷಕ್ಕೊಮ್ಮೆ ಬಂದು ತೋರಿಸಿ ಅಂದಿದ್ದಾರೆ.